‘ಇಲ್ಲಿ ಫೋಟೋ ತೆಗಿಯಂಗಿಲ್ಲ’ ಅಂದ್ರೆ ಏನ್ ಮಾಡ್ಬೇಕು?

ಕೈಯಲ್ಲಿ ಮೊಬೈಲ್ ಇರೋರೆಲ್ಲ ಈಗ ಫೋಟೋ ತೆಗಿಯೋರೇ, ಹಂಗಾಗಿ ಇದು ದೊಡ್ಡ ಕ್ಯಾಮೆರಾ ನೇತಾಕ್ಕೊಂಡು ಓಡಾಡೋರ ಸಮಸ್ಯೆ ಮಾತ್ರ ಅಲ್ಲ. ಡ್ಯಾಮ್ ಹತ್ರ, ಏರ್‌ಪೋರ್ಟಲ್ಲಿ, ಹಳೇ ಸೇತುವೆ ಮೇಲೆ, ಯಾವ್ದೋ ಉದ್ದನೆ ಕಾಂಪೌಂಡ್ ಪಕ್ಕ ನಿಂತು ಮೊಬೈಲ್ ಎತ್ತಿದ್ರೆ ಸಾಕು, ಯೂನಿಫಾರ್ಮ್ ಹಾಕಿರೋರು ಒಬ್ರು ಬಂದು "ಸೆಕ್ಯೂರಿಟಿ ರೀಸನ್ ಸಾರ್, ಡಿಲೀಟ್ ಮಾಡಿ" ಅಂತಾರೆ. ಕೆಲವು ಕಡೆ ಅವರು ಹೇಳೋದು ನೂರಕ್ಕೆ ನೂರು ಸರಿ, ಮೀರಿದ್ರೆ ಜೈಲೇ ಗತಿ. ಇನ್ನು ಕೆಲವು ಕಡೆ ಆ ಮಾತಿನ ಹಿಂದೆ ಯಾವ ಕಾನೂನೂ ಇರಲ್ಲ, ಯಾರೋ ಯಾವತ್ತೋ ಬಾಯಿಮಾತಲ್ಲಿ ಹೇಳಿದ್ದು ಹಂಗೇ ನಡ್ಕೊಂಡು ಬಂದಿರುತ್ತೆ ಅಷ್ಟೆ. ಎರಡನ್ನೂ ಒಂದೇ ಅಂದ್ಕೊಂಡು ಎಲ್ಲಾ ಕಡೆ ಹೆದರೋದೂ ತಪ್ಪು, ಎಲ್ಲಾ ಕಡೆ ಜಗಳಕ್ಕೆ ನಿಲ್ಲೋದೂ ತಪ್ಪು.

1. ಕಾನೂನು ಯಾವ ಜಾಗದ ಹೆಸರು ಹೇಳುತ್ತೆ ಅಂತ ಮೊದ್ಲು ತಿಳ್ಕೊಳ್ಳಿ

ನಮ್ಮಲ್ಲಿ ಮುಖ್ಯವಾಗಿ ಬರೋದು 1923ರ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್, ಅಂದ್ರೆ ಅಧಿಕೃತ ರಹಸ್ಯಗಳ ಕಾಯ್ದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ಜಾರಿಯಲ್ಲಿದೆ. ಇದ್ರಲ್ಲಿ ‘ನಿಷೇಧಿತ ಸ್ಥಳ’ ಅಂದ್ರೆ ಏನು ಅಂತ 2(8)ನೇ ಸೆಕ್ಷನ್ ಹೇಳುತ್ತೆ. ಸೇನೆ, ನೌಕಾಪಡೆ, ವಾಯುಪಡೆಯ ಜಾಗಗಳು, ಶಸ್ತ್ರಾಗಾರ, ಕ್ಯಾಂಪು, ಯುದ್ಧ ಹಡಗು, ಇವೆಲ್ಲ ನೇರವಾಗಿ ನಿಷೇಧಿತ, ಬೇರೆ ಯಾವ ಘೋಷಣೆನೂ ಬೇಕಿಲ್ಲ. ಆದ್ರೆ ರೈಲ್ವೆ, ರಸ್ತೆ, ಸೇತುವೆ, ನೀರು-ಕರೆಂಟಿನ ಸ್ಥಾವರ ಇಂಥವು ತಾವಾಗೇ ನಿಷೇಧಿತ ಆಗಲ್ಲ, ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆ ಹೊರಡಿಸಿ ಘೋಷಿಸಬೇಕು. ಅಷ್ಟೇ ಅಲ್ಲ, ಆ ಅಧಿಸೂಚನೆಯ ಪ್ರತಿಯನ್ನ ಜಾಗದಲ್ಲೇ ಇಂಗ್ಲಿಷಲ್ಲೂ ಅಲ್ಲಿನ ಜನರ ಭಾಷೆಯಲ್ಲೂ ಅಂಟಿಸಿರ್ಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ನಮ್ಮ ರಾಜ್ಯದಲ್ಲಿ ಅದು ಕನ್ನಡ. ನೂರು ವರ್ಷದ ಹಿಂದೆ, ಪರಕೀಯ ಸರ್ಕಾರ ಮಾಡಿದ ಕಾನೂನಲ್ಲೇ ಜನಕ್ಕೆ ಅವರ ಭಾಷೆಯಲ್ಲಿ ಮೊದ್ಲೇ ತಿಳಿಸ್ಬೇಕು ಅನ್ನೋ ಮಾತಿದೆ, ಇವತ್ತು ಅದನ್ನ ಕೇಳೋದು ಉದ್ಧಟತನ ಅಲ್ಲವೇ ಅಲ್ಲ.

ಶಿಕ್ಷೆ 3ನೇ ಸೆಕ್ಷನ್‌ನಲ್ಲಿದೆ: ದೇಶದ ಭದ್ರತೆಗೋ ಹಿತಕ್ಕೋ ಧಕ್ಕೆ ತರೋ ಉದ್ದೇಶದಿಂದ ನಿಷೇಧಿತ ಸ್ಥಳದ ಹತ್ರ ಹೋದ್ರೆ, ಅಥವಾ ಶತ್ರುವಿಗೆ ಉಪಯೋಗ ಆಗುವಂಥ ನಕ್ಷೆ, ಚಿತ್ರ ಮಾಡಿದ್ರೆ, ರಕ್ಷಣಾ ವಿಷಯ ಆಗಿದ್ರೆ 14 ವರ್ಷದವರೆಗೆ, ಬೇರೆ ಆದ್ರೆ 3 ವರ್ಷದವರೆಗೆ ಜೈಲು. ‘ಉದ್ದೇಶ’ ಅನ್ನೋದು ಇಲ್ಲಿ ಮುಖ್ಯ, ಆದ್ರೆ ಅದನ್ನ ಸಂದರ್ಭ ನೋಡಿ ಊಹಿಸೋಕೂ ಕಾಯ್ದೆಯಲ್ಲಿ ಅವಕಾಶ ಇದೆ. ಹಾಗಾಗಿ ‘ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ’ ಅನ್ನೋದೊಂದೇ ರಕ್ಷಣೆ ಅಂತ ನಂಬ್ಕೊಂಡು ಹೋಗ್ಬೇಡಿ.

ಇದೇ ಕಾಯ್ದೆನ ಅಡ್ಡಾದಿಡ್ಡಿ ಬಳಸಿದ್ದೂ ಇದೆ. ಪೊಲೀಸ್ ಸ್ಟೇಷನ್ ಒಳಗೆ ವಿಡಿಯೋ ಮಾಡಿದ್ರು ಅಂತ ಒಬ್ಬರ ಮೇಲೆ ಈ ಕಾಯ್ದೆ ಹಾಕಿದ್ರು, 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸ್ ಸ್ಟೇಷನ್ ನಿಷೇಧಿತ ಸ್ಥಳದ ಪಟ್ಟಿಯಲ್ಲೇ ಬರಲ್ಲ ಅಂತ ಹೇಳಿ ಆ ಆರೋಪ ರದ್ದು ಮಾಡ್ತು.

2. ಹೊರಡೋ ಮೊದ್ಲು ಹಿನ್ನೆಲೆಯಲ್ಲಿ ಏನಿದೆ ನೋಡಿ

ನೀವು ತೆಗೀತಿರೋದು ಸೂರ್ಯಾಸ್ತ ಇರಬಹುದು, ಆದ್ರೆ ಫ್ರೇಮಲ್ಲಿ ಇನ್ನೇನು ಬರ್ತಿದೆ ಅನ್ನೋದು ಮುಖ್ಯ. ಕಾರವಾರನೇ ತಗೊಳ್ಳಿ. ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಾಪಲ್ ಅನ್ನೋ ಹಳೇ ಯುದ್ಧ ನೌಕೆನ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ, ಅದು ಜನ ನೋಡ್ಲಿ ಅಂತಾನೇ ಇಟ್ಟಿರೋದು. ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಟ್ರೆ ಬಿಣಗಾ ದಾಟಿ ಅರಗಾ ಬರ್ತಿದ್ದಂಗೆ ನೌಕಾನೆಲೆಯ ಗೋಡೆ ಶುರು, ಅದು 2005ರಲ್ಲಿ ಶುರುವಾದ ಐಎನ್‌ಎಸ್ ಕದಂಬ, ಜನ ಈಗಲೂ ಸೀಬರ್ಡ್ ಅಂತಾನೇ ಕರೀತಾರೆ. ಅಲ್ಲಿ ಗಾಡಿ ಸೈಡಿಗೆ ಹಾಕಿ ಸಮುದ್ರದ ಫೋಟೋ ತೆಗಿಯೋದು ಬೇಡವೇ ಬೇಡ. ಅಂಜುದೀವ್ ದ್ವೀಪ ಕೂಡ ನೌಕಾಪಡೆಯದ್ದು, ಝೂಮ್ ಹಾಕಿ ಹತ್ರ ಎಳ್ಕೋಬೇಡಿ.

ಬೀದರಲ್ಲೂ ಇದೇ ಲೆಕ್ಕ, ಕೋಟೆ, ಗವಾನ್ ಮದರಸಾ ಎಷ್ಟು ಬೇಕಾದ್ರೂ ತೆಗೀರಿ. ಆದ್ರೆ ಅಲ್ಲಿನ ಏರ್‌ಪೋರ್ಟ್ ಇರೋದು ವಾಯುಪಡೆ ನೆಲೆಯೊಳಗೆ, ವಿಮಾನದಿಂದ ಇಳೀತಿದ್ದಂಗೆ ಸೆಲ್ಫಿ ತೆಗಿಯೋ ಅಭ್ಯಾಸ ಇರೋರು ಅಲ್ಲಿ ಕೈ ಜೇಬಲ್ಲಿ ಇಟ್ಕೊಳ್ಳಿ. ಯಲಹಂಕ, ಜಾಲಹಳ್ಳಿಯ ವಾಯುಪಡೆ ನೆಲೆಗಳು, ಬೆಂಗಳೂರಿನ ಎಚ್‌ಎಎಲ್ ಏರ್‌ಪೋರ್ಟ್ ಸುತ್ತಮುತ್ತ, ಬೆಳಗಾವಿಯ ಸಾಂಬ್ರಾ, ಚಳ್ಳಕೆರೆ ಹತ್ರ ಕುದಾಪುರದ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಟೆಸ್ಟ್ ರೇಂಜ್, ಕೈಗಾ ಅಣು ಸ್ಥಾವರ, ಇವೆಲ್ಲ ಮೊದ್ಲೇ ತಲೆಯಲ್ಲಿರ್ಲಿ. ಏರೋ ಇಂಡಿಯಾ ನಡೆಯೋವಾಗ ಯಲಹಂಕದಲ್ಲಿ ಟಿಕೆಟ್ ತಗೊಂಡು ಒಳಗೆ ಹೋದೋರು ಪ್ರದರ್ಶನದ ಫೋಟೋ ತೆಗಿತಾರೆ, ಅದು ಆ ದಿನದ, ಆ ಆವರಣದ ಅನುಮತಿ, ಮುಂದಿನ ವಾರ ಅದೇ ಗೇಟ್ ಮುಂದೆ ಹೋಗಿ ನಿಂತ್ರೆ ಅದು ನಡಿಯಲ್ಲ.

3. ಬೋರ್ಡ್ ಪೂರ್ತಿ ಓದಿ

ತುಂಬಾ ಜನ ಬೋರ್ಡ್ ನೋಡ್ತಾರೆ, ಓದಲ್ಲ. ರಕ್ಷಣಾ ಇಲಾಖೆಯ ಬೋರ್ಡಲ್ಲಿ ಯಾರ ಜಾಗ ಅಂತ ಸ್ಪಷ್ಟವಾಗಿ ಇರುತ್ತೆ. ಅದೇ ಯಾವ್ದಾದ್ರೂ ಹಳೇ ಸೇತುವೆಯ ತುದಿಗೆ ಹೋಗಿ ನೋಡಿ: ತುಕ್ಕು ಹಿಡಿದ ತಗಡು, ಮಸುಕಾದ ಕೆಂಪು ಅಕ್ಷರ, ‘ಛಾಯಾಚಿತ್ರ ನಿಷೇಧಿಸಲಾಗಿದೆ’ ಅಂತ ಒಂದೇ ಸಾಲು, ಯಾವ ಇಲಾಖೆ ಅಂತಿಲ್ಲ, ಯಾವ ಕಾಯ್ದೆ ಅಂತಿಲ್ಲ, ಅಧಿಸೂಚನೆ ನಂಬರಿಲ್ಲ, ದಿನಾಂಕ ಇಲ್ಲ. ಅದರ ಕೆಳಗೇ ಜನ ನಿಂತು ರೀಲ್ಸ್ ಮಾಡ್ತಿರ್ತಾರೆ, ಅದೇ ಸೇತುವೆಯ ಹತ್ತಾರು ಫೋಟೋ ಗೂಗಲ್ ಮ್ಯಾಪಲ್ಲಿ ಇರುತ್ತೆ. ಇಂಥ ಬೋರ್ಡ್‌ನಿಂದ ಭದ್ರತೆ ಹೆಚ್ಚಾಗಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ, ನಿಜವಾದ ಬೋರ್ಡ್‌ಗೂ ಜನ ಬೆಲೆ ಕೊಡದಂಗೆ ಆಗುತ್ತೆ ಅಷ್ಟೆ. ಹಂಗಂತ ಅಲ್ಲೇ ನಿಂತು ವಾದ ಮಾಡ್ಬೇಡಿ, ಬೋರ್ಡಲ್ಲಿ ಏನಿದೆ, ಏನಿಲ್ಲ ಅಂತ ಬರ್ಕೊಳ್ಳಿ, ಮುಂದೆ ಕೊನೇ ಹಂತದಲ್ಲಿ ಉಪಯೋಗಕ್ಕೆ ಬರುತ್ತೆ.

ಕೆಆರ್‌ಎಸ್‌ನಂಥ ಕಡೆ ಇನ್ನೊಂದು ವಿಷಯ ಇದೆ. ಬೃಂದಾವನದಲ್ಲಿ ಫೋಟೋ ತೆಗೀಬಹುದು, ಆದ್ರೆ ಅಣೆಕಟ್ಟೆ ಮೇಲೆ ಜನಕ್ಕೆ ಪ್ರವೇಶನೇ ಇಲ್ಲ. ಪ್ರವೇಶ ಇಲ್ಲದ ಕಡೆ ಹೋದ್ರೆ ಫೋಟೋ ತೆಗೆದ್ರೋ ಬಿಟ್ರೋ ಅನ್ನೋದು ಆಮೇಲಿನ ಮಾತು, ಹೋಗಿದ್ದೇ ತಪ್ಪಾಗುತ್ತೆ. ರೈಲು ಹಳಿ ಮೇಲೆ ನಿಂತು ತೆಗಿಯೋದೂ ಹಂಗೇ, ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅದು ಅತಿಕ್ರಮ ಪ್ರವೇಶ. ಹಂಪಿ, ಬಾದಾಮಿ ಥರದ ಸ್ಮಾರಕಗಳಲ್ಲಿ ಮಾತ್ರ ನಿರಾಳ, 2018ರಲ್ಲಿ ಪುರಾತತ್ವ ಇಲಾಖೆನೇ ತಾಜ್ ಮಹಲಿನ ಸಮಾಧಿ ಕೋಣೆ, ಅಜಂತಾದಂಥ ಕೆಲವನ್ನ ಬಿಟ್ಟು ಉಳಿದ ಕಡೆ ಫೋಟೋಗೆ ಬಾಗಿಲು ತೆರೀತು.

4. ವಿಮಾನದಲ್ಲಿ, ಡ್ರೋನಲ್ಲಿ

ವಿಮಾನದ ಕಿಟಕಿಯಿಂದ ಫೋಟೋ ತೆಗೀಬಹುದಾ ಅಂತ ಎಲ್ರೂ ಕೇಳ್ತಾರೆ. 2020ರ ಸೆಪ್ಟೆಂಬರಲ್ಲಿ ಡಿಜಿಸಿಎ, ಅಂದ್ರೆ ವಿಮಾನಯಾನ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ, ಕೊಟ್ಟ ಸ್ಪಷ್ಟನೆ ಪ್ರಕಾರ ಸಾಮಾನ್ಯ ಪ್ರಯಾಣಿಕರು ತೆಗೀಬಹುದು, ಆದ್ರೆ ಸುರಕ್ಷತೆಗೆ ತೊಂದ್ರೆ, ಗಲಾಟೆ ಆಗೋ ಹಂಗೆ ಮಾಡಂಗಿಲ್ಲ, ಸಿಬ್ಬಂದಿ ಬೇಡ ಅಂದ್ರೆ ನಿಲ್ಲಿಸ್ಬೇಕು. ವಾಯುಪಡೆ ರನ್‌ವೇ ಬಳಸೋ ಏರ್‌ಪೋರ್ಟ್‌ಗಳಲ್ಲಿ ಫೋಟೋ, ವಿಡಿಯೋ ಬೇಡ. 2025ರ ಮೇನಲ್ಲಿ, ಮುಖ್ಯವಾಗಿ ಪಶ್ಚಿಮ ಗಡಿ ಕಡೆಯ ಇಂಥ ಏರ್‌ಪೋರ್ಟ್‌ಗಳಿಗೆ, 10,000 ಅಡಿ ದಾಟೋವರೆಗೂ ಕಿಟಕಿ ಪರದೆ ಮುಚ್ಚಿರ್ಬೇಕು ಅಂತಾನೂ ಆದೇಶ ಬಂದಿತ್ತು. ಸೆಕ್ಯೂರಿಟಿ ಚೆಕ್ ಮಾಡೋ ಜಾಗದಲ್ಲಂತೂ ಯಾವ ಏರ್‌ಪೋರ್ಟಲ್ಲೂ ಮೊಬೈಲ್ ಎತ್ತಬೇಡಿ.

ಡ್ರೋನ್ ಇದ್ರೆ 2021ರ ಡ್ರೋನ್ ನಿಯಮ ಓದ್ದೇ ಹಾರಿಸ್ಬೇಡಿ. ಸರ್ಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈನ ಮ್ಯಾಪಲ್ಲಿ ಹಸಿರು, ಹಳದಿ, ಕೆಂಪು ವಲಯ ಇರುತ್ತೆ, ಹಸಿರಲ್ಲಿ 400 ಅಡಿವರೆಗೆ ಅನುಮತಿ ಬೇಕಿಲ್ಲ, ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮದುವೆ ಶೂಟಿಂಗ್ ಮಾಡೋ ಹುಡುಗರು ಛತ್ರದ ಪಕ್ಕದಲ್ಲೇ ಏನಿದೆ ಅಂತ ನೋಡ್ದೇ ಹಾರಿಸ್ತಾರೆ. 250 ಗ್ರಾಂ ಒಳಗಿನ ಚಿಕ್ಕ ಡ್ರೋನ್ ಆದ್ರೂ ಕೆಂಪು ವಲಯ ಕೆಂಪೇ.

5. ತಡೆದ್ರೆ

ಇದೇ ಎಲ್ಲಕ್ಕಿಂತ ಮುಖ್ಯ ಹಂತ, ಇಲ್ಲೇ ಜನ ಎಡವೋದು. ಮೊದ್ಲು ಕ್ಯಾಮೆರಾ ಕೆಳಗಿಳಿಸಿ. ಓಡಬೇಡಿ, ತಿರುಗಿ ನಡೀಬೇಡಿ, ತಡೆದೋರ ಮುಖಕ್ಕೇ ಕ್ಯಾಮೆರಾ ಹಿಡೀಬೇಡಿ. ಆಮೇಲೆ ಯಾರು ತಡೆದಿದ್ದು ಅಂತ ಗಮನಿಸಿ, ಪ್ರೈವೇಟ್ ಸೆಕ್ಯೂರಿಟಿಯೋರಾ, ರಾಜ್ಯದ ಕೈಗಾರಿಕಾ ಭದ್ರತಾ ಪಡೆಯೋರಾ, ಸಿಐಎಸ್‌ಎಫಾ, ಪೊಲೀಸಾ, ಸೇನೆಯ ಕಾವಲುಗಾರರಾ. ಪ್ರೈವೇಟ್ ಗಾರ್ಡ್‌ಗೆ ತಮ್ಮ ಜಾಗದಿಂದ ಹೊರಗೆ ಹೋಗಿ ಅನ್ನೋ ಹಕ್ಕಿದೆ, ನಿಮ್ಮ ಫೋನ್ ಕಿತ್ಕೊಳ್ಳೋ ಹಕ್ಕಿಲ್ಲ. ಸೇನೆಯ ಕಾವಲುಗಾರ ಆದ್ರೆ ಹೇಳಿದ್ದನ್ನ ಕೇಳಿ ಅಷ್ಟೆ. ನಿಷೇಧಿತ ಸ್ಥಳದ ಹತ್ರ ಪೊಲೀಸರಿಗೋ ಸೇನೆಯೋರಿಗೋ ಅಡ್ಡಿ ಮಾಡಿದ್ರೆ ಅದೇ ಬೇರೆ ಅಪರಾಧ, ಅಧಿಕೃತ ರಹಸ್ಯಗಳ ಕಾಯ್ದೆಯ 7ನೇ ಸೆಕ್ಷನ್, 3 ವರ್ಷದವರೆಗೆ ಶಿಕ್ಷೆ ಇದೆ.

ಮಾತು ಹೀಗಿರ್ಲಿ: "ನಮಸ್ಕಾರ ಸರ್, ನಾನು ಇಂಥೋರು, ಇಂಥ ಊರು, ಆ ಮರದ ಮೇಲಿನ ಹಕ್ಕಿ ತೆಗೀತಿದ್ದೆ, ಇಲ್ಲಿ ತೆಗಿಯಂಗಿಲ್ಲ ಅಂತ ಗೊತ್ತಿರ್ಲಿಲ್ಲ, ಬೇಕಾದ್ರೆ ಈಗ ತೆಗೆದಿದ್ದನ್ನ ತೋರಿಸ್ತೀನಿ." ಇಷ್ಟರಲ್ಲೇ ಹೆಚ್ಚಿನ ಸಲ ಮುಗಿಯುತ್ತೆ. ಕೇಂದ್ರದ ಪಡೆಗಳಲ್ಲಿ ಹೊರ ರಾಜ್ಯದೋರು ಜಾಸ್ತಿ, ಅವರಿಗೆ ಕನ್ನಡ ಬರಲ್ಲ, ನಮ್ಮ ಹಳ್ಳಿಯೋರಿಗೆ ಹಿಂದಿ ಬರಲ್ಲ, ಸುಮ್ನೆ ನಿಂತಿದ್ದನ್ನೇ ತಪ್ಪಾಗಿ ತಿಳ್ಕೊಳ್ಳೋದು ಇಂಥ ಕಡೆನೇ. ಅರ್ಥ ಆಗದ ಪ್ರಶ್ನೆಗೆ ಹೂಂ ಅನ್ನಬೇಡಿ, ಕನ್ನಡ ಬಲ್ಲ ಅಧಿಕಾರಿನ ಕರೀರಿ ಅಂತ ಕೇಳಿ. ಇನ್ನೊಂದು ಮಾತು ಹೇಳ್ಲೇಬೇಕು, ಒಂದೇ ಜಾಗದಲ್ಲಿ ಒಂದೇ ಫೋಟೋ ತೆಗೆದ್ರೂ ಇಂಗ್ಲಿಷ್ ಮಾತಾಡೋ ಟೆಕ್ಕಿಗೆ ಸಿಗೋ ಮರ್ಯಾದೆ ಗಡ್ಡ ಬಿಟ್ಟ ಹುಡುಗನಿಗೋ, ಕೂಲಿಗೆ ಬಂದಿರೋ ಹೊರಗಿನವನಿಗೋ ಸಿಗಲ್ಲ. ನಿಮ್ಮ ಗುಂಪಲ್ಲಿ ಅಂಥವರಿದ್ರೆ ಅವರನ್ನ ಒಬ್ರನ್ನೇ ಬಿಟ್ಟು ಮುಂದೆ ಹೋಗ್ಬೇಡಿ, ಪಕ್ಕದಲ್ಲೇ ನಿಲ್ಲಿ.

‘ಡಿಲೀಟ್ ಮಾಡಿ’ ಅಂದ್ರೆ? ರಕ್ಷಣಾ ಜಾಗ ನಿಜಕ್ಕೂ ಫ್ರೇಮಲ್ಲಿ ಬಂದಿದ್ರೆ ಅವರ ಮುಂದೆನೇ ಡಿಲೀಟ್ ಮಾಡಿ, ಟ್ರ್ಯಾಶ್ ಫೋಲ್ಡರಿಂದಲೂ ತೆಗೀರಿ, ಯಾಕಂದ್ರೆ ಐಫೋನಲ್ಲಿ 30 ದಿನ, ಗೂಗಲ್ ಫೋಟೋಸಲ್ಲಿ ಬ್ಯಾಕಪ್ ಆಗಿದ್ರೆ 60 ದಿನ ಅದು ಅಲ್ಲೇ ಕೂತಿರುತ್ತೆ. ಆದ್ರೆ ಪೊಲೀಸರು ಕೇಸ್ ಅಂತ ಶುರು ಮಾಡಿದ ಮೇಲೆ ಏನನ್ನೂ ಡಿಲೀಟ್ ಮಾಡ್ಬೇಡಿ, ಆಗ ಅದು ಸಾಕ್ಷ್ಯ ನಾಶ ಆಗುತ್ತೆ, ಮತ್ತೆ ನೀವು ಹಕ್ಕಿನೇ ತೆಗೀತಿದ್ರಿ ಅನ್ನೋದಕ್ಕೆ ಆ ಫೋಟೋನೇ ನಿಮ್ಮ ಸಾಕ್ಷಿ.

6. ಸ್ಟೇಷನ್‌ಗೆ ಕರೆದ್ರೆ, ಫೋನ್ ತಗೊಂಡ್ರೆ

2024ರ ಜುಲೈ 1ರಿಂದ, ಹಳೇ ಸಿಆರ್‌ಪಿಸಿ ಬದಲು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಪೊಲೀಸರು ಫೋನ್ ಜಪ್ತಿ ಮಾಡೋದಾದ್ರೆ 106ನೇ ಸೆಕ್ಷನ್ ಕೆಳಗೆ ಮಾಡ್ತಾರೆ, ಶೋಧ ಮತ್ತೆ ಜಪ್ತಿಯನ್ನ ವಿಡಿಯೋ ಮಾಡ್ಬೇಕು ಅಂತ 105 ಹೇಳುತ್ತೆ. ಜಪ್ತಿ ಪಟ್ಟಿ ಕೇಳಿ, ಅದ್ರಲ್ಲಿ ಮಾಡೆಲ್ಲು, ಐಎಂಇಐ ನಂಬರ್, ಮೆಮೊರಿ ಕಾರ್ಡ್ ಎಲ್ಲಾ ಬರೆದಿದ್ಯಾ ನೋಡಿ ಸಹಿ ಹಾಕಿ. ಪಾಸ್‌ವರ್ಡ್ ವಿಷಯದಲ್ಲಿ ನಮ್ಮ ಹೈಕೋರ್ಟಿನದ್ದೇ 2021ರ ತೀರ್ಪಿದೆ, ವೀರೇಂದ್ರ ಖನ್ನಾ ಕೇಸು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡದಿದ್ರೆ ಕೋರ್ಟಿಂದ ವಾರಂಟ್ ತರ್ಬೇಕು, ತುರ್ತು ಅಂತಿದ್ರೆ ಕಾರಣ ಬರೆದಿಡ್ಬೇಕು ಅಂತ ಅದು ಹೇಳಿತ್ತು. ರಸ್ತೆಯಲ್ಲಿ ನಿಲ್ಲಿಸಿ ವಾಟ್ಸಾಪ್ ಪೂರ್ತಿ ತಿರುವಿ ಹಾಕೋದು ಅದಲ್ಲ.

ಬಂಧಿಸಿದ್ರೆ ಕಾರಣ ಹೇಳ್ಬೇಕು, ನೀವು ಹೇಳಿದೋರಿಗೆ ಸುದ್ದಿ ಮುಟ್ಟಿಸ್ಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಕರ್ಕೊಂಡು ಹೋಗ್ಬೇಕು. ಮನೆಯೋರ ಒಂದು ನಂಬರು, ವಕೀಲರ ಒಂದು ನಂಬರು ಬಾಯಿಪಾಠ ಇಟ್ಕೊಳ್ಳಿ, ಫೋನ್ ಕೈಯಲ್ಲಿರಲ್ಲ ಆಗ.

7. ಪೋಸ್ಟ್ ಮಾಡೋ ಮೊದ್ಲು

ಹೆದ್ದಾರಿಯಲ್ಲಿ ಸೇನೆಯ ಗಾಡಿಗಳ ಸಾಲು ಹೋಗ್ತಿದ್ರೆ ಹೆಮ್ಮೆಯಿಂದ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ತಾರೆ, ಒಳ್ಳೇ ಮನಸ್ಸಿಂದಾನೇ. ಹಾಕ್ಬೇಡಿ. ಎಷ್ಟು ಗಾಡಿ, ಎಷ್ಟೊತ್ತಿಗೆ, ಯಾವ ಕಡೆ ಅನ್ನೋದು ಅದ್ರಲ್ಲೇ ಇರುತ್ತೆ. 2025ರ ಏಪ್ರಿಲ್ 26ರಂದು ಸೇನಾ ಕಾರ್ಯಾಚರಣೆ, ಪಡೆಗಳ ಚಲನೆಯ ನೇರ ಪ್ರಸಾರ ಮಾಡ್ಬೇಡಿ ಅಂತ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೂಚನೆ ಕೊಟ್ಟಿದ್ದು ಇದಕ್ಕೇ, ಅದು ಟಿವಿಯೋರಿಗೆ ಮಾತ್ರ ಅಲ್ಲ, ಸೋಷಿಯಲ್ ಮೀಡಿಯಾದಲ್ಲಿ ಹಾಕೋರಿಗೂ ಅನ್ವಯ.

ಭದ್ರತೆ ಅನ್ನೋದು ಬರೀ ನೆಪ ಅಂತ ಯಾರೂ ಅಂದ್ಕೋಬಾರ್ದು. ಕಾರವಾರ ನೌಕಾನೆಲೆಯ ಮಾಹಿತಿ ಪಾಕಿಸ್ತಾನದ ಕಡೆಯೋರಿಗೆ ಕಳಿಸಿದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಉತ್ತರ ಕನ್ನಡದೋರನ್ನೇ ಬಂಧಿಸ್ತು. ಇಂಥ ಕೇಸುಗಳು ಶುರುವಾಗೋ ರೀತಿ ತುಂಬಾ ಸಾಮಾನ್ಯ: ಫೇಸ್‌ಬುಕ್ಕಲ್ಲಿ ಪರಿಚಯ, ಸಿಹಿ ಮಾತು, ಆಮೇಲೆ ‘ನಿಮ್ಮೂರಿನ ಆ ಗೇಟಿನ ಫೋಟೋ ಕಳಿಸಿ, ದುಡ್ಡು ಹಾಕ್ತೀನಿ’. ಹಂಗೆ ಯಾರಾದ್ರೂ ಕೇಳಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು ಸೀದಾ ಪೊಲೀಸರಿಗೆ ತಿಳಿಸಿ, ಬ್ಲಾಕ್ ಮಾಡಿ ಸುಮ್ನಾಗ್ಬೇಡಿ.

ಆದ್ರೆ ಕಾನೂನು ಮಸುಕಾಗಿದ್ರೆ ಸಿಕ್ಕಿಹಾಕ್ಕೊಳ್ಳೋದು ಹವ್ಯಾಸದೋರು ಅನ್ನೋದಕ್ಕೂ ಉದಾಹರಣೆ ಬೇಕಾದಷ್ಟಿದೆ. 2001ರಲ್ಲಿ ಗ್ರೀಸಿನ ಕಲಮಾಟಾದಲ್ಲಿ ವಿಮಾನ ನೋಡೋ ಹುಚ್ಚಿನ 12 ಬ್ರಿಟಿಷರು, 2 ಡಚ್ಚರನ್ನ ಗೂಢಚಾರರು ಅಂತ ಹಿಡಿದ್ರು, ಮುಂದಿನ ವರ್ಷ ಶಿಕ್ಷೆ ಆಯ್ತು, ಮೇಲ್ಮನವಿಯಲ್ಲಿ ಬಿಡುಗಡೆ ಆಯ್ತು. ಬ್ರಿಟನ್ನಲ್ಲಿ ಅನುಮಾನವೇ ಇಲ್ಲದೆ ಯಾರನ್ನ ಬೇಕಾದ್ರೂ ತಡೆದು ಶೋಧಿಸೋ ಅಧಿಕಾರ ಪೊಲೀಸರಿಗಿತ್ತು, 2010ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟ್ ಅದು ತಪ್ಪು ಅಂತು, ಅದೇ ತಿಂಗಳು ಫೋಟೋಗ್ರಾಫರ್‌ಗಳು ಟ್ರಫಾಲ್ಗರ್ ಚೌಕದಲ್ಲಿ ಕ್ಯಾಮೆರಾ ಹಿಡ್ಕೊಂಡೇ ಪ್ರತಿಭಟನೆ ಮಾಡಿದ್ರು, ಆಮೇಲೆ ಆ ಕಾನೂನು ಹೋಯ್ತು.

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋಗೋರು ಒಂದು ನೆನಪಿಡಿ, ಅಲ್ಲಿ ಅರಮನೆ, ಸರ್ಕಾರಿ ಕಟ್ಟಡ, ಸೇನಾ ಜಾಗ ಅಷ್ಟೇ ಅಲ್ಲ, ಕೇಳ್ದೇ ಬೇರೆಯೋರ ಫೋಟೋ ತೆಗೆದ್ರೂ ಯುಎಇಯಲ್ಲಿ ಸೈಬರ್ ಕಾನೂನಿನ ಕೆಳಗೆ ಕೇಸ್ ಆಗುತ್ತೆ.

8. ಅನುಮತಿ ಕೇಳಿ, ಅಧಿಸೂಚನೆ ಕೇಳಿ

ನಿಜಕ್ಕೂ ಆ ಜಾಗದ ಫೋಟೋ ಬೇಕಿದ್ರೆ ಮೊದ್ಲೇ ಪತ್ರ ಬರೀರಿ. ಕೆಆರ್‌ಎಸ್ ಆದ್ರೆ ಕಾವೇರಿ ನೀರಾವರಿ ನಿಗಮ, ಆಲಮಟ್ಟಿ ಆದ್ರೆ ಕೃಷ್ಣಾ ಭಾಗ್ಯ ಜಲ ನಿಗಮ, ರೈಲ್ವೆ ಆದ್ರೆ ಹುಬ್ಬಳ್ಳಿಯಲ್ಲಿರೋ ನೈಋತ್ಯ ರೈಲ್ವೆಯ ಸಾರ್ವಜನಿಕ ಸಂಪರ್ಕ ವಿಭಾಗ. ಯಾರು, ಯಾವ ದಿನ, ಎಷ್ಟೊತ್ತು, ಯಾವ ಕ್ಯಾಮೆರಾ, ಯಾತಕ್ಕೆ ಅಂತ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಅನುಮತಿ ಸಿಕ್ರೆ ಅದರ ಪ್ರಿಂಟ್ ಜೊತೆಗಿರ್ಲಿ, ಮೊಬೈಲಲ್ಲಿ ಇದ್ರೆ ಸಾಲ್ದು.

ಹೆಸರಿಲ್ಲದ ಆ ಬೋರ್ಡ್‌ಗಳಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಇಂಥ ಜಾಗದಲ್ಲಿ ಫೋಟೋ ನಿಷೇಧಿಸಿದ ಅಧಿಸೂಚನೆ ಅಥವಾ ಆದೇಶದ ಸಂಖ್ಯೆ, ದಿನಾಂಕ, ಪ್ರತಿ ಕೊಡಿ’ ಅಂತ ಅಷ್ಟೇ ಕೇಳಿ, ಭದ್ರತಾ ವ್ಯವಸ್ಥೆ ಬಗ್ಗೆ ಕೇಳಬೇಡಿ, ಅದನ್ನ ಕೊಡದೇ ಇರೋಕೆ ಅವರಿಗೆ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಇದೆ. ಗೆಜೆಟಲ್ಲಿ ಅಚ್ಚಾದ ಅಧಿಸೂಚನೆ ಗುಟ್ಟಲ್ಲ, ಅದನ್ನ ಕೊಡಲ್ಲ ಅನ್ನೋಕೆ ಬರಲ್ಲ. ನಮ್ಮ ರಾಜ್ಯದ ಇಲಾಖೆ ಆದ್ರೆ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರ್ಬೇಕು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರ್ಬೇಕು, ಬರ್ದಿದ್ರೆ ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೀರಿ.