ಡಲ್ಲಾಸ್‌ನಲ್ಲಿ ನಮ್ಮೂರ ಯುಪಿಎಸ್: ನನ್ನ ಅನುಭವ

"ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಇನ್ನೂ ಯುಪಿಎಸ್ ಬುದ್ಧಿ ಬಿಟ್ಟಿಲ್ವಲ್ಲೋ" ಅಂತ ಗೆಳೆಯನೊಬ್ಬ ನನ್ನ ಗ್ಯಾರೇಜಿನಲ್ಲಿ ನಿಂತು ನಕ್ಕಿದ್ದ. ಅವನ ಮನೆಗೆ 22 ಕಿಲೋವ್ಯಾಟ್‌ನ ಸ್ಟ್ಯಾಂಡ್‌ಬೈ ಜನರೇಟರ್ (ಕರೆಂಟ್ ಹೋದೊಡನೆ ತಾನೇ ಚಾಲೂ ಆಗುವಂಥದ್ದು) ಹಾಕಿಸಲು ಆಗಷ್ಟೇ ಕೊಟೇಶನ್ ಬಂದಿತ್ತು. ಗ್ಯಾಸ್ ಮೀಟರ್ ದೊಡ್ಡದು ಮಾಡಿಸುವುದೂ ಸೇರಿ ಹನ್ನೆರಡು ಸಾವಿರ ಡಾಲರ್ ಹತ್ತಿರ. ನನ್ನದು ಮೂರೂವರೆ ಸಾವಿರದ ಸರಂಜಾಮು: ನಾಲ್ಕು ಬ್ಯಾಟರಿ, ಒಂದು ಇನ್ವರ್ಟರ್, ಸೂಟ್‌ಕೇಸ್ ಗಾತ್ರದ ಒಂದು ಜನರೇಟರ್. 2024ರ ಮೇ ತಿಂಗಳ ಕೊನೆಯ ವಾರ ಅದು ಕೈಹಿಡಿಯಿತು. ಆದರೆ ಅಲ್ಲಿಗೆ ಬರುವ ಮೊದಲು ಎರಡು ಸಲ ಮುಗ್ಗರಿಸಿದ್ದೇನೆ, ಅದನ್ನೇ ಮೊದಲು ಹೇಳಬೇಕು.

2019ರ ಅಕ್ಟೋಬರ್ 20, ಭಾನುವಾರ. ರಾತ್ರಿ ಕೌಬಾಯ್ಸ್-ಈಗಲ್ಸ್ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಒಂಬತ್ತಕ್ಕೆ ಒಂದೆರಡು ನಿಮಿಷ ಇರುವಾಗ ಉತ್ತರ ಡಲ್ಲಾಸ್‌ನಲ್ಲಿ ಸುಂಟರಗಾಳಿ ನೆಲ ಮುಟ್ಟಿತು. ಅರ್ಧ ಗಂಟೆಯಲ್ಲಿ ಸುಮಾರು 15 ಮೈಲಿ ಉಜ್ಜಿಕೊಂಡು, ಪ್ರೆಸ್ಟನ್-ರಾಯಲ್ ಅಂಗಡಿ ಸಾಲನ್ನು ಪುಡಿಮಾಡಿ, ಹೆದ್ದಾರಿ 75 ದಾಟಿ ನಾವಿರುವ ರಿಚರ್ಡ್‌ಸನ್ ಊರಿಗೆ ಬಂದು ಸತ್ತಿತು. ಸುಂಟರಗಾಳಿಯ ತೀವ್ರತೆ ಅಳೆಯುವ ಸೊನ್ನೆಯಿಂದ ಐದರ ಮಾಪನದಲ್ಲಿ ಇಎಫ್-3, ಗಾಳಿ ಗಂಟೆಗೆ 140 ಮೈಲಿ. ಯಾರ ಪ್ರಾಣವೂ ಹೋಗಲಿಲ್ಲ ಅನ್ನುವುದು ಇವತ್ತಿಗೂ ನಂಬಲಾಗದ ಮಾತು. ನಾವು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಾಸಿಗೆ ತಲೆಮೇಲೆ ಹಿಡಿದು ಕೂತಿದ್ದೆವು. ಹೊರಗೆ ಬಂದಾಗ ಬೀದಿಯಲ್ಲಿ ಗ್ಯಾಸ್ ವಾಸನೆ, ಕತ್ತಲೆ. ಹಿತ್ತಲಿನ ಓಕ್ ಮರ ವೈರಿನ ಮೇಲೆ ಬಿದ್ದಿತ್ತು.

ಮಾರನೇ ಬೆಳಿಗ್ಗೆ ಎಲ್ಲರಂತೆ ನಾನೂ ಜನರೇಟರ್ ಹುಡುಕಿಕೊಂಡು ಹೊರಟೆ. ಫಾರೆಸ್ಟ್ ಲೇನ್ ಬಳಿಯ ಹೋಮ್ ಡಿಪೋ ಹಾರ್ಡ್‌ವೇರ್ ಅಂಗಡಿಯ ಕಟ್ಟಡವೇ ನೆಲಸಮವಾಗಿತ್ತು. ಉಳಿದ ಕಡೆ ಸ್ಟಾಕ್ ಇಲ್ಲ. ನಲವತ್ತು ಮೈಲಿ ಉತ್ತರಕ್ಕೆ ಹೋಗಿ 5500 ವ್ಯಾಟ್‌ನ ತೆರೆದ ಚೌಕಟ್ಟಿನ ಜನರೇಟರನ್ನು ಏಳುನೂರೈವತ್ತೋ ಎಂಟುನೂರೋ ಕೊಟ್ಟು ತಂದೆ. ಮಳೆ ಬರುವ ಹಾಗಿತ್ತು, ಅದಕ್ಕೆ ಗ್ಯಾರೇಜಿನೊಳಗೆ ಬಾಗಿಲ ಪಕ್ಕದಲ್ಲೇ ಇಟ್ಟು ಚಾಲೂ ಮಾಡಿದೆ. ಬಾಗಿಲು ತೆರೆದಿದೆಯಲ್ಲ, ಸಾಕು ಅಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಒಳಗಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿತು. ಹೆಂಡತಿ ಮಕ್ಕಳನ್ನು ಎಳೆದುಕೊಂಡು ಹೊರಗೋಡಿದಳು. ಆ ಮೂವತ್ತು ಡಾಲರಿನ ಅಲಾರಂ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಈಗ ಮನೆಯಿಂದ ಇಪ್ಪತ್ತು ಅಡಿ ದೂರ, ಹೊಗೆ ಬಾಯಿ ಮನೆಗೆ ಬೆನ್ನು. ಮಳೆ ಬಂದರೂ ಅಷ್ಟೇ.

ಆ ಜನರೇಟರ್ ಪೆಟ್ರೋಲ್ ಕುಡಿಯುತ್ತಿದ್ದ ಪರಿ ನೋಡಬೇಕಿತ್ತು. ಒಂದು ಫ್ರಿಡ್ಜ್, ನಾಲ್ಕು ದೀಪ, ಇಷ್ಟಕ್ಕೇ ಗಂಟೆಗೆ ಅರ್ಧ ಗ್ಯಾಲನ್. ಫ್ರಿಡ್ಜ್ ಎಳೆಯುವುದು 150 ವ್ಯಾಟ್. ಆದರೆ ಇಲ್ಲಿನ ಕರೆಂಟಿನ 60 ಹರ್ಟ್ಜ್ ಆವರ್ತನ ಕೊಡಬೇಕಾದರೆ ಆ ಎಂಜಿನ್ ಹೊರೆ ಇರಲಿ ಬಿಡಲಿ 3600 ಆರ್‌ಪಿಎಂನಲ್ಲೇ ತಿರುಗಬೇಕು. ಒಂದು ನಿಂಬೆಹಣ್ಣು ತರಲು ಲಾರಿ ಕಳಿಸಿದ ಹಾಗೆ. ದಿನಕ್ಕೆ ಹನ್ನೆರಡು ಗ್ಯಾಲನ್, ಅದಕ್ಕಾಗಿ ಕರೆಂಟಿರುವ ಪೆಟ್ರೋಲ್ ಬಂಕ್ ಹುಡುಕಿ ದಿನಕ್ಕೆರಡು ಪ್ರಯಾಣ. ರಾತ್ರಿ ನಿಲ್ಲಿಸಿದರೆ ಫ್ರಿಡ್ಜ್ ಬಿಸಿ, ನಿಲ್ಲಿಸದಿದ್ದರೆ ಅಕ್ಕಪಕ್ಕದವರು ಬಿಸಿ.

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆ. ಬುಧವಾರ ಸಂಜೆ ಬೀದಿಗೆಲ್ಲ ಕರೆಂಟ್ ಬಂತು, ನಮಗೆ ಬರಲಿಲ್ಲ. ಮರ ವೈರನ್ನು ಎಳೆದಾಗ ಚಾವಣಿ ಮೇಲಿನ ಮಾಸ್ಟ್ (ವೈರು ಒಳಬರುವ ಪೈಪು) ಬಗ್ಗಿ, ಅದರ ತುದಿಯ ಟೊಪ್ಪಿಯಂಥ ವೆದರ್‌ಹೆಡ್ ಕಿತ್ತುಬಂದಿತ್ತು. ಕಂಬದಿಂದ ಬರುವ ವೈರು ಕರೆಂಟ್ ಕಂಪನಿಯದು, ಮೀಟರೂ ಅವರದೇ. ನಡುವಿನ ಪೈಪು, ತಲೆ, ಮೀಟರ್ ಪೆಟ್ಟಿಗೆ ಮನೆಯವರದು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಸರಿಮಾಡಿ, ನಗರದವರು ತಪಾಸಣೆ ಮಾಡಿ ಒಪ್ಪಿದ ಮೇಲೇ ಜೋಡಣೆ. ನಾನು ಇದ್ಯಾವುದೂ ತಿಳಿಯದೆ ಮೂರು ದಿನ ಕಂಪನಿಯ ಲಾರಿಯ ದಾರಿ ಕಾಯುತ್ತ ಕೂತಿದ್ದೆ. ಸೋಮವಾರವೇ ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿದ್ದರೆ ಬುಧವಾರ ನನಗೂ ಬರುತ್ತಿತ್ತು. ಬಂದದ್ದು ಶನಿವಾರ, ಖರ್ಚು ಸಾವಿರದ ಏಳುನೂರರಷ್ಟು. ಹಾಗಾಗಿ ಗಾಳಿ ನಿಂತ ಮೇಲೆ ನೀವು ಮೊದಲು ನೋಡಬೇಕಾದ್ದು ಫ್ರಿಡ್ಜ್ ಅಲ್ಲ, ಚಾವಣಿಯ ಆ ಪೈಪು. ದೂರದಿಂದ ನೋಡಿ, ಬಿದ್ದ ವೈರಿನ ಹತ್ತಿರ ಹೋಗಬೇಡಿ.

ಆ ವಾರ ಒಬ್ಬ ಪುಣ್ಯಾತ್ಮ ಎರಡೂ ಕಡೆ ಗಂಡು ಪ್ಲಗ್ ಇರುವ ಕೇಬಲ್ ತಂದು "ಡ್ರೈಯರ್ ಸಾಕೆಟ್‌ಗೆ ಚುಚ್ಚು, ಮನೆಯೆಲ್ಲ ಬೆಳಗುತ್ತೆ" ಅಂದ. ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಮೂಲಕ ಬೀದಿಯ ಲೈನಿಗೆ ಸಾವಿರಾರು ವೋಲ್ಟ್ ಹತ್ತುತ್ತದೆ, ಕಂಬದ ಮೇಲಿನ ಲೈನ್‌ಮನ್ ಸಾಯುತ್ತಾನೆ. ಬೈದು ಕಳಿಸಿದೆ.

ಎರಡನೇ ಸಲ 2021ರ ಫೆಬ್ರವರಿ. ಅದು ಸುಂಟರಗಾಳಿಯಲ್ಲ, ಮಂಜಿನ ಬಿರುಗಾಳಿ. ಇಡೀ ಟೆಕ್ಸಸ್‌ನ ಗ್ರಿಡ್ ಮುಗ್ಗರಿಸಿದ ವಾರ. ಡಲ್ಲಾಸ್‌ನಲ್ಲಿ ಉಷ್ಣಾಂಶ ಫ್ಯಾರನ್‌ಹೀಟ್‌ನಲ್ಲೇ ಸೊನ್ನೆಗಿಂತ ಎರಡು ಕೆಳಗೆ. ನಾನು ಬೀಗುತ್ತಿದ್ದೆ, ಜನರೇಟರ್ ಇದೆಯಲ್ಲ! ಹಗ್ಗ ಎಳೆದೆ, ಎಳೆದೆ, ಭುಜ ಬಿದ್ದುಹೋಯಿತು. ಒಂದೂಕಾಲು ವರ್ಷ ಟ್ಯಾಂಕಿನಲ್ಲೇ ಬಿಟ್ಟ ಎಥನಾಲ್ ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕೂತಿತ್ತು. ಆ ನಡುವೆ ತಂದಿಟ್ಟಿದ್ದ ಎರಡು ಲೆಡ್ ಆಸಿಡ್ ಬ್ಯಾಟರಿ ಆ ಚಳಿಯಲ್ಲಿ ಅರ್ಧ ಜೀವ. ಅದಕ್ಕೆ ಕಟ್ಟಿದ್ದ ಎಂಬತ್ತು ಡಾಲರಿನ ಅಗ್ಗದ ಇನ್ವರ್ಟರ್ ಶುದ್ಧ ಸೈನ್ ಅಲ್ಲ, ಅಂದರೆ ಮನೆಯ ಕರೆಂಟಿನಂಥ ನಯವಾದ ಅಲೆ ಕೊಡುವುದಲ್ಲ. ಫ್ರಿಡ್ಜ್ ಕಂಪ್ರೆಸರ್ ಗುಂಯ್ ಅಂತ ನರಳಿತೇ ಹೊರತು ತಿರುಗಲಿಲ್ಲ. ಆ ಚಳಿಯಲ್ಲಿ ಫ್ರಿಡ್ಜ್ ಯಾರಿಗೆ ಬೇಕಿತ್ತು, ಸಾಮಾನನ್ನೆಲ್ಲ ಹಿತ್ತಲಿನಲ್ಲಿಟ್ಟೆವು. ಬೇಕಾಗಿದ್ದದ್ದು ಮನೆ ಬೆಚ್ಚಗಿಡುವ ಫರ್ನೇಸ್.

ಗ್ಯಾಸ್ ಫರ್ನೇಸಿಗೆ ಬೇಕಾದ ಕರೆಂಟು ಹೆಚ್ಚಾಗಿ ಅದರ ಬ್ಲೋವರ್‌ಗೆ (ಬಿಸಿಗಾಳಿ ತಳ್ಳುವ ಫ್ಯಾನಿಗೆ), ಐದಾರುನೂರು ವ್ಯಾಟ್. ಪಕ್ಕದವರ ಸಣ್ಣ ಜನರೇಟರ್ ಎರವಲು ತಂದು ಜೋಡಿಸಿದರೆ ಉರಿ ಹೊತ್ತುತ್ತದೆ, ಐದು ಸೆಕೆಂಡಿಗೆ ಆರುತ್ತದೆ. ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಇಡೀ ರಾತ್ರಿ ಇದೇ ಆಟ. ಆಮೇಲೆ ತಿಳಿದದ್ದು: ಸಣ್ಣ ಇನ್ವರ್ಟರ್ ಜನರೇಟರ್‌ಗಳಲ್ಲಿ (ಹೊರೆಗೆ ತಕ್ಕಂತೆ ಎಂಜಿನ್ ವೇಗ ಬದಲಿಸುವ ಬಗೆ) ನ್ಯೂಟ್ರಲ್ ತೇಲುತ್ತಿರುತ್ತದೆ, ಅರ್ತ್‌ಗೆ ಕಟ್ಟಿರುವುದಿಲ್ಲ. ಜ್ವಾಲೆ ಇದೆಯೋ ಇಲ್ಲವೋ ಎಂದು ನೋಡುವ ಸೆನ್ಸರ್‌ಗೆ ಆ ಕಟ್ಟು ಬೇಕು. ನ್ಯೂಟ್ರಲನ್ನು ಅರ್ತ್‌ಗೆ ಕಟ್ಟುವ, ಹತ್ತು-ಹದಿನೈದು ಡಾಲರಿನ ಬಾಂಡಿಂಗ್ ಪ್ಲಗ್ ಒಂದಿದ್ದಿದ್ದರೆ ಆ ರಾತ್ರಿ ಮಕ್ಕಳು ಜಾಕೆಟ್ ಹಾಕಿಕೊಂಡು ಮಲಗಬೇಕಿರಲಿಲ್ಲ. ಒಂದು ಮಾತು: ಮನೆಯ ಪ್ಯಾನೆಲ್ ಮೂಲಕ ಕೊಡುವಾಗ ಆ ಪ್ಲಗ್ ಬೇಡ, ಅಲ್ಲಿ ಕಟ್ಟು ಈಗಾಗಲೇ ಇರುತ್ತದೆ.

ಆ ವಾರವೇ ನಮ್ಮೂರ ಮನೆ ನೆನಪಾಯಿತು. ಅಪ್ಪನ ಕಾಲದಲ್ಲಿ ದಿನಕ್ಕೆ ಆರು ಗಂಟೆ ಲೋಡ್ ಶೆಡ್ಡಿಂಗ್. ಮೂಲೆಯಲ್ಲಿ ಯುಪಿಎಸ್, ಅದರಡಿ ಟ್ಯೂಬುಲರ್ ಬ್ಯಾಟರಿ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್. ಕರೆಂಟ್ ಇದ್ದಾಗ ತುಂಬಿಕೊಳ್ಳುತ್ತಿತ್ತು, ಇಲ್ಲದಾಗ ಕೊಡುತ್ತಿತ್ತು. ಅಷ್ಟೇ ತಾನೇ? ಇಲ್ಲಿ ಕರೆಂಟ್ ಮೂರು ದಿನ ಬರದಿದ್ದರೆ, ಆ "ಬಂದಾಗ" ಅನ್ನುವುದನ್ನು ನಾನೇ ದಿನಕ್ಕೆ ಮೂರು ಗಂಟೆ ಸೃಷ್ಟಿಸಿಕೊಂಡರೆ ಆಯ್ತು. ಜನರೇಟರ್ ಮನೆಯನ್ನು ನಡೆಸುವುದಲ್ಲ, ಬ್ಯಾಟರಿ ತುಂಬುವುದು. ಮನೆಯನ್ನು ನಡೆಸುವುದು ಬ್ಯಾಟರಿ.

ಮೊದಲು ಒಂದು ವಾರ ವ್ಯಾಟ್ ಮೀಟರ್ ಹಿಡಿದು ಮನೆಯೆಲ್ಲ ಅಳೆದೆ. ಫ್ರಿಡ್ಜ್ ದಿನಕ್ಕೆ 1.4 ಯೂನಿಟ್, ಡೀಪ್ ಫ್ರೀಜರ್ ಒಂದಕ್ಕೆ ಸ್ವಲ್ಪ ಕಡಿಮೆ, ಫ್ಯಾನು-ದೀಪ-ರೌಟರ್-ಲ್ಯಾಪ್‌ಟಾಪ್ ಎಲ್ಲ ಸೇರಿ ಎರಡು. ಒಟ್ಟು ನಾಲ್ಕೂವರೆ ಯೂನಿಟ್ ಆಚೀಚೆ. ಅದಕ್ಕೆ ನೂರು ಆಂಪಿಯರ್-ಅವರಿನ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಒಂದೊಂದು ಮುನ್ನೂರರ ಹತ್ತಿರ. ಎರಡೆರಡನ್ನು ಸರಣಿಯಲ್ಲಿ ಕಟ್ಟಿ 24 ವೋಲ್ಟ್, ಒಟ್ಟು ಐದು ಯೂನಿಟ್. 3000 ವ್ಯಾಟ್‌ನ ಶುದ್ಧ ಸೈನ್ ಇನ್ವರ್ಟರ್-ಚಾರ್ಜರ್ ಆರುನೂರು. ಸೆಕೆಂಡ್ ಹ್ಯಾಂಡ್ 2200 ವ್ಯಾಟ್ ಇನ್ವರ್ಟರ್ ಜನರೇಟರ್ ಆರುನೂರೈವತ್ತು. ಜನರೇಟರ್ ಜೋಡಿಸುವ ಹೊರಗಿನ ಇನ್‌ಲೆಟ್ ಮತ್ತು ಆರು ಸರ್ಕ್ಯೂಟಿನ ಟ್ರಾನ್ಸ್‌ಫರ್ ಸ್ವಿಚ್‌ಗೆ (ಬೀದಿಯ ಲೈನಿನಿಂದ ಬಿಡಿಸಿ ನಮ್ಮ ಕರೆಂಟಿಗೆ ತಿರುಗಿಸುವುದು) ಎಲೆಕ್ಟ್ರಿಶಿಯನ್, ಪರ್ಮಿಟ್ ಸೇರಿ ಎಂಟುನೂರು. ಫ್ಯೂಸು, ದಪ್ಪ ಕೇಬಲ್ಲು ಇನ್ನೂರು. ಕೇಬಲ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ನಾನು ಮಾಡಿದೆ, ಕೇಬಲ್ ತುದಿಯ ಲಗ್ ಕರಗಿತು.

ಜೋಡಿಸಿದ ಮೇಲೆ ಎರಡು ವಾರ ತಲೆ ಕೆಟ್ಟಿತ್ತು. ಶೇಕಡ 40 ಉಳಿದಿರುವಾಗಲೇ ಎಲ್ಲ ಧಪ್ಪಂತ ಆರುತ್ತಿತ್ತು. ಇನ್ವರ್ಟರ್ ವಾಪಸ್ ಕಳಿಸಲು ಪೆಟ್ಟಿಗೆ ಕಟ್ಟಿದ್ದೆ. ತಪ್ಪು ನನ್ನದೇ: ಸರಣಿಯಲ್ಲಿ ಕಟ್ಟುವ ಮುಂಚೆ ಒಂದೊಂದನ್ನೂ ಪ್ರತ್ಯೇಕವಾಗಿ ಪೂರ್ತಿ ತುಂಬಿಸಬೇಕಿತ್ತು. ಒಂದು ಹಿಂದೆ ಉಳಿದಿತ್ತು, ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟು) ಬಾಗಿಲು ಹಾಕಿದರೆ ಜೋಡಿಯೇ ಸತ್ತ ಹಾಗೆ. ಇನ್ನೊಂದು ಕಾಟ ನಡುರಾತ್ರಿಯ ಓವರ್‌ಲೋಡ್ ಬೀಪ್. ಫ್ರಿಡ್ಜ್‌ನೊಳಗಿನ ಮಂಜು ಕರಗಿಸುವ ಡಿಫ್ರಾಸ್ಟ್ ಹೀಟರ್ ಆಗಾಗ ಇಪ್ಪತ್ತು ನಿಮಿಷ ನಾನೂರೈವತ್ತು ವ್ಯಾಟ್ ನುಂಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಮಗ ಮೈಕ್ರೋವೇವ್, ಕೆಟಲ್ ಎರಡನ್ನೂ ಹಾಕಿದ್ದ. ಜನರೇಟರ್ ಕಡೆಯಿಂದ ಚಾರ್ಜರನ್ನು 60 ಆಂಪಿಯರ್‌ಗೆ ಇಟ್ಟರೆ ಜನರೇಟರ್ ಕೆಂಪು ದೀಪ ತೋರಿಸಿ ಕೈಚೆಲ್ಲುತ್ತದೆ. 50ಕ್ಕೆ ಇಳಿಸಿದೆ, ಸುಖವಾಗಿ ಓಡಿತು.

ನಡುವೆ ಒಂದಿಷ್ಟು ಚೇಷ್ಟೆ. ಫ್ರೀಜರ್‌ನ ಖಾಲಿ ಜಾಗಕ್ಕೆಲ್ಲ ನೀರು ತುಂಬಿದ ಹಾಲಿನ ಕ್ಯಾನ್ ತುರುಕಿ ಹನ್ನೆರಡು ಗಂಟೆ ಪ್ಲಗ್ ಕಿತ್ತಿಟ್ಟೆ. ಮೈನಸ್ 18ರಿಂದ ಮೂರ್ನಾಲ್ಕು ಡಿಗ್ರಿಯಷ್ಟೇ ಏರಿತು. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ 48 ಗಂಟೆ ತಡೆಯುತ್ತದೆ, ಫ್ರಿಡ್ಜ್ ಬರೀ ನಾಲ್ಕು ಗಂಟೆ ಅಂತ ಇಲ್ಲಿನ ಸರ್ಕಾರವೇ ಹೇಳುತ್ತದಲ್ಲ, ಅದು ಸುಳ್ಳಲ್ಲ. ಅಂದಿನಿಂದ ಫ್ರೀಜರ್‌ಗೆ ಜನರೇಟರ್ ಓಡುವಾಗ ಮಾತ್ರ ಕರೆಂಟು, ಬ್ಯಾಟರಿಯ ಮೇಲೆ ಅದರ ಭಾರ ಇಲ್ಲ. ಕಾರಿನ ಮೇಲೆ ನೂರು ವ್ಯಾಟ್‌ನ ಎರಡು ಸೋಲಾರ್ ಫಲಕ ಹರಡಿದ್ದೂ ಆಯ್ತು. ಒಳ್ಳೆ ಬಿಸಿಲಿನ ದಿನ ಮುಕ್ಕಾಲು ಯೂನಿಟ್, ಮೋಡವಿದ್ದರೆ ಫೋನ್ ಚಾರ್ಜ್ ಆದರೆ ಪುಣ್ಯ. ಬಿರುಗಾಳಿ ಬಂದ ವಾರ ಬಿಸಿಲು ಎಲ್ಲಿಂದ ಬರಬೇಕು? ಮಾರಿಬಿಟ್ಟೆ.

ಈಗ 2024ರ ಮೇ 28, ಮಂಗಳವಾರ ಬೆಳಗಿನ ಜಾವ. ಗಂಟೆಗೆ 75-80 ಮೈಲಿ ಗಾಳಿ, ಡಲ್ಲಾಸ್ ಸುತ್ತ ಆರು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟಿಲ್ಲ. ಬೀದಿಯಲ್ಲಿ ಎಲ್ಲರೂ "ಮತ್ತೆ ಸುಂಟರಗಾಳಿ" ಅಂದರು. ನಾನು ಬಿದ್ದ ಮರ ನೋಡಿ ಅಲ್ಲ ಅಂದೆ: ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಸುಂಟರಗಾಳಿಯಾದರೆ ಚೆಲ್ಲಾಪಿಲ್ಲಿ, ಒಂದರ ತಲೆ ಇನ್ನೊಂದರ ಕಾಲಿಗೆ. ಕರೆಂಟಿಲ್ಲದವನಿಗೆ ಎರಡೂ ಒಂದೇ ಅನ್ನಿ. ಮಾಸ್ಟ್ ನೋಡಿದೆ, ನೆಟ್ಟಗಿತ್ತು. ಸ್ವಿಚ್ ತಿರುಗಿಸಿದೆ.

ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ ಜನರೇಟರ್. ಉಳಿದ ಇಪ್ಪತ್ತು ಗಂಟೆ ಮನೆ ನಿಶ್ಶಬ್ದ. ಪೆಟ್ರೋಲ್ ದಿನಕ್ಕೆ ಒಂದು, ಹೆಚ್ಚೆಂದರೆ ಒಂದೂಕಾಲು ಗ್ಯಾಲನ್. 2019ರಲ್ಲಿ ಹನ್ನೆರಡು! ಐದು ಗ್ಯಾಲನ್‌ನ ಎರಡು ಕ್ಯಾನ್ ಯಾವಾಗಲೂ ಇರುತ್ತವೆ, ನಾಲ್ಕು ತಿಂಗಳಿಗೊಮ್ಮೆ ಕಾರಿಗೆ ಸುರಿದು ಹೊಸದು ತರುತ್ತೇನೆ. ಜನರೇಟರ್ ಎತ್ತಿಡುವ ಮುಂಚೆ ಕಾರ್ಬ್ಯುರೇಟರ್ ಒಣಗುವ ತನಕ ಓಡಿಸುತ್ತೇನೆ. ಸದ್ದು ಅರ್ಧಕ್ಕೆ ಇಳಿಸಲು ಒಂದು ಉಪಾಯ ಮಾಡಿದ್ದೇನೆ, ಎರಡು ಹಲಗೆ ಮತ್ತು ಇನ್ನೊಂದು ವಸ್ತು. ಅದನ್ನು ಇಲ್ಲಿ ಹೇಳಲ್ಲ.

ಎರಡನೇ ರಾತ್ರಿ ಸೆಕೆ ತಡೆಯಲಾಗದೆ ಕಿಟಕಿಯ ಸಣ್ಣ ಎಸಿ ಹಾಕಿದೆ, 450 ವ್ಯಾಟ್. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದೆವು. ಬೆಳಿಗ್ಗೆ ಐದಕ್ಕೆ ಬ್ಯಾಟರಿ ಶೇಕಡ 12. ಸ್ವಲ್ಪ ಎದೆ ಹೊಡೆದುಕೊಂಡಿತು, ಆದರೆ ಆರಲಿಲ್ಲ. ಪಕ್ಕದ ಮನೆಯ ಹಿರಿಯರ ಸಿಪ್ಯಾಪ್ ಯಂತ್ರಕ್ಕೂ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವುದು) ಬೇಲಿ ಮೇಲಿಂದ ಒಂದು ಕೇಬಲ್ ಎಳೆದಿದ್ದೆ. ಅದರ ಹ್ಯುಮಿಡಿಫೈಯರ್ ಹೀಟರ್ ಆರಿಸಿದರೆ ನಲವತ್ತು ವ್ಯಾಟೂ ಬೇಡ. ರೌಟರ್ ಮಾತ್ರ ವ್ಯರ್ಥ ಉರಿಯಿತು, ಮೊದಲ ದಿನ ಮಧ್ಯಾಹ್ನವೇ ಕೇಬಲ್ ಕಂಪನಿಯ ಬೀದಿಬದಿಯ ಡಬ್ಬಿಯ ಬ್ಯಾಟರಿ ಮುಗಿದಿತ್ತು. ದೋಸೆ ಹಿಟ್ಟು, ತುರಿದ ಕಾಯಿ, ಅಮ್ಮ ಕಟ್ಟಿಕೊಟ್ಟಿದ್ದ ಹುಳಿಪುಡಿ, ಫ್ರೀಜರ್ ಸಾಮಾನು, ಯಾವುದೂ ಕೆಡಲಿಲ್ಲ. 2019ರಲ್ಲಿ ನಾನೂರು ಡಾಲರ್ ಸಾಮಾನು ಕಸಕ್ಕೆ ಹೋಗಿತ್ತು.

ಶುಕ್ರವಾರ ಮಧ್ಯಾಹ್ನ ಕರೆಂಟ್ ಬಂದದ್ದು ನಮಗೆ ಗೊತ್ತಾಗಲೇ ಇಲ್ಲ. ಪಕ್ಕದವರ ಎಸಿ ಗುಡುಗಿದಾಗ ಹೆಂಡತಿ "ಬಂತೇನ್ರೀ?" ಅಂದಳು.

ಆ ಗೆಳೆಯ ಕೊಟೇಶನ್‌ಗೆ ಸಹಿ ಹಾಕಿದ್ದ, ಯಂತ್ರ ಇನ್ನೂ ಬಂದಿರಲಿಲ್ಲ, ಅವನ ಮನೆಯವರೆಲ್ಲ ಮೂರು ರಾತ್ರಿ ಹೋಟೆಲಿನಲ್ಲಿದ್ದರು. ಭಾನುವಾರ ಫೋನ್ ಮಾಡಿ, ನಗದೆ, ಸಾಮಾನಿನ ಪಟ್ಟಿ ಕೇಳಿದ. ಕಳಿಸಿದೆ. ಎರಡು ಸಾಲು ಬಿಟ್ಟು.