ಪಾದದ ಒತ್ತಡ ಅಳೆಯುವ ಇನ್‌ಸೋಲ್: ಕಟ್ಟುವ ಬಗೆ, ನಂಬುವ ಬಗೆ

ಚಪ್ಪಟೆ ಪಾದಕ್ಕೆ ಆರ್ಚ್ ಸಪೋರ್ಟ್ (ಪಾದದ ಕಮಾನನ್ನು ಕೆಳಗಿನಿಂದ ಎತ್ತಿ ಹಿಡಿಯುವ ಉಬ್ಬು) ಹಾಕಿಸಿಕೊಂಡವರನ್ನು ಆರು ವಾರ ಬಿಟ್ಟು ‘ಈಗ ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲ ಅನ್ನಿಸುತ್ತೆ’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಅವರ ಬಳಿ ಏನೂ ಇರುವುದಿಲ್ಲ. ಭಾರ ನಿಜಕ್ಕೂ ಒಳಮಗ್ಗುಲಿನಿಂದ ಹೊರಕ್ಕೆ ಸರಿದಿದೆಯೇ, ಹಿಮ್ಮಡಿ ನೆಟ್ಟಗೆ ಊರುತ್ತಿದೆಯೇ ಎಂಬುದು ಶೂ ಒಳಗೆ ನಡೆಯುವ ಸಂಗತಿ, ಹೊರಗಿನಿಂದ ಕಾಣದು. ಅದನ್ನು ಕಾಣುವಂತೆ ಮಾಡುವ, ಆರು ಸೆನ್ಸರ್‌ಗಳ, ಫೋನಿಗೆ ತಂತಿಯಿಲ್ಲದೆ ಅಳತೆ ಕಳಿಸುವ ಇನ್‌ಸೋಲ್ (ಶೂ ಒಳಗೆ ಪಾದದಡಿ ಇರುವ ಮೆತ್ತೆ) ಒಂದನ್ನು ಕಟ್ಟುವ ವಿಧಾನ ಇಲ್ಲಿದೆ. ಬೆಸುಗೆ ಹಾಕಲು, ಆರ್ಡುಯಿನೋದಲ್ಲಿ (ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ವ್ಯವಸ್ಥೆ) ಪ್ರೋಗ್ರಾಂ ಬರೆಯಲು ಬಂದರೆ ಎರಡು ವಾರಾಂತ್ಯಗಳ ಕೆಲಸ. ಆ್ಯಪ್ ಚೆಂದ ಮಾಡುವುದಕ್ಕೆ ಸಮಯ ಸುರಿಯಬೇಡಿ. ಸೆನ್ಸರ್ ಕೂರಿಸುವ ಜಾಗ, ಅದರ ಕ್ಯಾಲಿಬ್ರೇಶನ್ (ಗೊತ್ತಿರುವ ತೂಕಕ್ಕೆ ಅಳತೆಯನ್ನು ಹೊಂದಿಸುವುದು) ಇವೆರಡು ಸರಿಯಿಲ್ಲದಿದ್ದರೆ ಎಷ್ಟು ಚೆಂದದ ಗ್ರಾಫ್ ಬಂದರೂ ಅದು ಸುಳ್ಳೇ ಹೇಳುತ್ತದೆ.

ಮೊದಲೇ ಒಂದು ಎಚ್ಚರಿಕೆ. ಮಧುಮೇಹದಿಂದಲೋ ಕುಷ್ಠರೋಗದಿಂದಲೋ ಪಾದದ ಸ್ಪರ್ಶ ಮರಗಟ್ಟಿದವರು ಮನೆಯಲ್ಲಿ ಕಟ್ಟಿದ ಇನ್‌ಸೋಲ್ ಹಾಕಿಕೊಂಡು ನಡೆಯಲೇಬಾರದು. ನೋವು ಗೊತ್ತಾಗದ ಪಾದದಲ್ಲಿ ಒಂದೇ ಜಾಗಕ್ಕೆ ಹೆಜ್ಜೆ ಹೆಜ್ಜೆಗೂ ಬೀಳುವ ಒತ್ತಡವೇ ಹುಣ್ಣಾಗುತ್ತದೆ ಎಂಬುದನ್ನು ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಲೇ ಕಂಡುಕೊಂಡರು. ತಂತಿಯ ಒಂದು ಗಂಟು, ಬೆಸುಗೆಯ ಒಂದು ಹನಿ ಆ ಒತ್ತಡ ಕೊಡುವುದಕ್ಕೆ ಸಾಕು. ಸ್ಪರ್ಶ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ವೈದ್ಯರ ಬಳಿ 10 ಗ್ರಾಂ ಮಾನೋಫಿಲಮೆಂಟ್ ಪರೀಕ್ಷೆ ಮಾಡಿಸಿಕೊಳ್ಳಿ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅದು ಬಾಗುವಷ್ಟು ಒತ್ತುತ್ತಾರೆ, ನಿಮಿಷಗಳಲ್ಲಿ ಮುಗಿಯುತ್ತದೆ.

ಬೇಕಾದ ಸಾಮಾನು (ಒಂದು ಕಾಲಿಗೆ)

- ವೆಲೋಸ್ಟ್ಯಾಟ್ ಹಾಳೆ, ಒಂದು ಎ4 ಅಳತೆಯಷ್ಟು
- ವಿದ್ಯುತ್ ಹರಿಯುವ ಬಟ್ಟೆ, ಅಥವಾ ತಾಮ್ರದ ಟೇಪ್
- 30 ಗೇಜಿನ, ಸಿಲಿಕೋನ್ ಹೊದಿಕೆಯ, ಬಹು ಎಳೆಗಳ ತಂತಿ, 3 ಮೀಟರ್
- ಷಾವೋ ಎನ್‌ಆರ್‌ಎಫ್52840 (ಬ್ಲೂಟೂತ್ ಇರುವ ಪುಟ್ಟ ಮೈಕ್ರೋಕಂಟ್ರೋಲರ್) ಬೋರ್ಡ್ ಒಂದು
- 3.7 ವೋಲ್ಟ್, 150 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ (ರಕ್ಷಣಾ ಸರ್ಕ್ಯೂಟ್ ಇರುವಂಥದ್ದು), ಚಿಕ್ಕ ಸ್ವಿಚ್
- ರೆಸಿಸ್ಟರ್ ಆರು (ಎಷ್ಟು ಓಮ್‌ನದೆಂದು ಮುಂದೆ ನೋಡೋಣ), 100 ನ್ಯಾನೋಫ್ಯಾರಡ್ ಕೆಪಾಸಿಟರ್ ಆರು
- 2 ಮಿ.ಮೀ. ಇವಿಎ ಫೋಮ್ ಅಥವಾ ಎಂಸಿಆರ್ (ಸಣ್ಣ ಗುಳ್ಳೆಗಳಿರುವ ಮೆತ್ತನೆ ರಬ್ಬರ್) ಹಾಳೆ, ಮೇಲ್ಹೊದಿಕೆಗೆ ತೆಳು ರೆಕ್ಸಿನ್
- ಡಬಲ್ ಸೈಡ್ ಟೇಪ್, ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯದ, ತೆಳು ಟೇಪ್)

ಎಲೆಕ್ಟ್ರಾನಿಕ್ಸ್ ಭಾಗಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತವೆ. ಎಂಸಿಆರ್ ಬೇಕಾದರೆ ಚಪ್ಪಲಿ ಹೊಲಿಯುವವರಿಗೆ ಕಚ್ಚಾ ಮಾಲು ಮಾರುವ ಅಂಗಡಿಯಲ್ಲಿ ಕೇಳಿ.

ವೆಲೋಸ್ಟ್ಯಾಟ್ ಎಂದರೆ ಕಾರ್ಬನ್ ಬೆರೆಸಿದ, ಸುಮಾರು 0.1 ಮಿ.ಮೀ. ದಪ್ಪದ ಕರೀ ಪ್ಲಾಸ್ಟಿಕ್ ಹಾಳೆ. ಚಿಪ್‌ಗಳಿಗೆ ಸ್ಥಿರವಿದ್ಯುತ್ ತಾಗದಂತೆ ಸುತ್ತುವುದಕ್ಕೆಂದು ಬಳಕೆಯಲ್ಲಿರುವಂಥದ್ದು. ಒತ್ತಿದಷ್ಟೂ ಅದರ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇಳಿಯುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಎಫ್‌ಎಸ್‌ಆರ್ 402 ಎಂಬ ಒತ್ತಡದ ಸೆನ್ಸರನ್ನೇ ಅಂಟಿಸಿದರಾಗದೇ ಎಂದು ಕೇಳುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ: ಅದರ ಒತ್ತಡ ಗ್ರಹಿಸುವ ವೃತ್ತದ ವ್ಯಾಸ 12.7 ಮಿ.ಮೀ., ವಿಸ್ತೀರ್ಣ ಸುಮಾರು 127 ಚದರ ಮಿ.ಮೀ. ನಡೆಯುವಾಗ ಹಿಮ್ಮಡಿಯಡಿ 300 ಕಿಲೋಪಾಸ್ಕಲ್ ಬಂದರೆ ಆ ವೃತ್ತದ ಮೇಲೆ ಬೀಳುವ ಬಲ 38 ನ್ಯೂಟನ್. ಅಷ್ಟು ಹೊತ್ತಿಗೆ ಆ ಸೆನ್ಸರ್ ತನ್ನ ಮಿತಿ ದಾಟಿ, ಅಳತೆ ಮೇಲ್ಗಡೆ ಚಪ್ಪಟೆಯಾಗಿರುತ್ತದೆ. ಕಾಲು ಊರಿತೋ ಇಲ್ಲವೋ ಎಂಬುದಕ್ಕೆ ಅದು ಸಾಕು, ಎಷ್ಟು ಊರಿತು ಎಂಬುದಕ್ಕೆ ಸಾಲದು.

ಜಾಗ ಗುರುತಿಸುವುದು

ಶೂನಲ್ಲಿರುವ ಇನ್‌ಸೋಲ್ ಹೊರತೆಗೆದು ಅದರ ಆಕಾರದಲ್ಲಿ ಫೋಮ್ ಕತ್ತರಿಸಿ. ಪಾದದ ಗುರುತಿಗೆ ಚಿತ್ರ ನೋಡಿ ಅಂದಾಜು ಮಾಡಬೇಡಿ. ಅಂಗಾಲಿನಲ್ಲಿ ಬೆರಳಿಟ್ಟು ಮೂಳೆಯ ಉಬ್ಬನ್ನು ಒತ್ತಿ ಹುಡುಕಿ, ಅಲ್ಲಿ ಲಿಪ್‌ಸ್ಟಿಕ್ಕೋ ಕುಂಕುಮದ ಒದ್ದೆ ಬೊಟ್ಟೋ ಇಟ್ಟು, ಬಿಳಿ ಕಾಗದ ಅಂಟಿಸಿದ ಫೋಮನ್ನು ಶೂ ಒಳಗಿಟ್ಟು, ಕಾಲು ಹಾಕಿ ಒಮ್ಮೆ ಎದ್ದು ನಿಲ್ಲಿ. ಬಿದ್ದ ಬೊಟ್ಟೇ ಸೆನ್ಸರಿನ ಕೇಂದ್ರ.

ಪಾದ ಒಳಕ್ಕೆ ವಾಲುವುದನ್ನು ನೋಡುವುದಿದ್ದರೆ ಆರು ಜಾಗ ಹೀಗಿರಲಿ: ಹಿಮ್ಮಡಿಯ ಒಳಮಗ್ಗುಲು, ಹಿಮ್ಮಡಿಯ ಹೊರಮಗ್ಗುಲು, ಪಾದದ ಕಮಾನು, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು, ಹೆಬ್ಬೆರಳ ತುದಿ. ಹೆಬ್ಬೆರಳ ಬುಡದಲ್ಲಿ ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಓದು (ಸೆನ್ಸರ್ ತೋರಿಸುವ ಅಂಕಿ) ಅರ್ಧಕ್ಕೆ ಇಳಿಯಬಹುದು. ಎಡಗಾಲಿನ ಅಚ್ಚನ್ನೇ ತಿರುಗಿಸಿ ಬಲಗಾಲಿಗೆ ಬಳಸಬೇಡಿ, ಎರಡು ಪಾದ ಒಂದೇ ಸಮ ಇರುವವರು ಅಪರೂಪ.

ಸೆನ್ಸರ್ ಕಟ್ಟುವುದು

ಕೈವಾರದಲ್ಲಿ 20 ಮಿ.ಮೀ. ವ್ಯಾಸದ ವೃತ್ತ ಎಳೆದು ವಿದ್ಯುತ್ ಬಟ್ಟೆಯಲ್ಲಿ ಹನ್ನೆರಡು ಬಿಲ್ಲೆ ಕತ್ತರಿಸಿ, ಪ್ರತಿಯೊಂದಕ್ಕೂ ತಂತಿ ಜೋಡಿಸಲು ಬಾಲದಂತೆ ಒಂದು ಪಟ್ಟಿ ಉಳಿಸಿ. ವೆಲೋಸ್ಟ್ಯಾಟ್ ಬಿಲ್ಲೆಗಳು 26 ಮಿ.ಮೀ. ಇರಬೇಕು. ಸುತ್ತಲೂ ಬಿಡುವ ಆ 3 ಮಿ.ಮೀ. ಅಂಚೇ ಮೇಲಿನ ಬಟ್ಟೆ ಕೆಳಗಿನ ಬಟ್ಟೆಗೆ ತಾಗದಂತೆ ಕಾಯುತ್ತದೆ. ಅದು ತಾಗಿದರೆ ಸೆನ್ಸರ್ ಸದಾ ಪೂರ್ತಿ ಒತ್ತಿದಂತೆ ಓದುತ್ತದೆ. ಬಾಲಗಳು ಎದುರುಬದುರು ದಿಕ್ಕಿನಲ್ಲಿ ಹೊರಡಲಿ. ಬಟ್ಟೆ, ವೆಲೋಸ್ಟ್ಯಾಟ್, ಬಟ್ಟೆ ಎಂದು ಒಂದರ ಮೇಲೊಂದಿಟ್ಟು ಅಂಚಿನಲ್ಲಿ ಮಾತ್ರ ಟೇಪಿನ ಉಂಗುರ ಅಂಟಿಸಿ. ನಡುವೆ ಅಂಟು ಸೇರಿಕೊಂಡರೆ ಆ ಪದರವೇ ರೋಧವಾಗಿ ಹಗುರ ಒತ್ತಡ ಗೊತ್ತಾಗದು. ಆಮೇಲೆ ಎರಡೂ ಕಡೆ ಕ್ಯಾಪ್ಟಾನ್ ಟೇಪ್ ಮುಚ್ಚಿ. ಬೆವರು ಒಳಗೆ ಹೋದರೆ ಓದು ಮೆಲ್ಲಗೆ ಏರುತ್ತ ಹೋಗುತ್ತದೆ, ಕಾಲು ಎತ್ತಿದರೂ ಇಳಿಯದು.

ತಾಮ್ರದ ಟೇಪ್ ಅಗ್ಗ, ಆದರೆ ಬೆರಳುಗಳ ಬುಡದಲ್ಲಿ ಇನ್‌ಸೋಲ್ ಮಡಚುವ ಗೆರೆಯ ಮೇಲೆ ಅದು ಬಾಳುವುದಿಲ್ಲ. ಕೆಲವು ಸಾವಿರ ಹೆಜ್ಜೆಗಳಲ್ಲೇ ಕೂದಲೆಳೆಯಷ್ಟು ಬಿರುಕು ಬಿಟ್ಟು, ನಿಂತಾಗ ಸರಿ ಓದಿ, ನಡೆದಾಗ ಕಡಿದು ಕಡಿದು ಓದುತ್ತದೆ. ಹೆಬ್ಬೆರಳ ಸೆನ್ಸರಿನ ತಂತಿ ಮಾತ್ರ ಆ ಗೆರೆ ದಾಟಲೇಬೇಕು. ಅದನ್ನು ನೇರ ಎಳೆಯದೆ ಹಾವಿನಂತೆ ಬಳುಕಿಸಿ ಹಾಕಿ. ಎಲ್ಲ ಬೆಸುಗೆಗಳೂ ಕಮಾನಿನ ಪಕ್ಕದಲ್ಲಿ, ಭಾರ ಬೀಳದ ಕಡೆ ಸೇರಲಿ. ಆರೂ ಸೆನ್ಸರಿನ ಕೆಳಪದರವನ್ನು ಒಂದೇ ತಂತಿಗೆ ಸೇರಿಸಿದರೆ ಹೊರಬರುವುದು ಏಳೇ ತಂತಿ. ಅವನ್ನು ಫೋಮಿನಲ್ಲಿ ಬ್ಲೇಡಿನಿಂದ ಗೀರಿದ ಕಾಲುವೆಯೊಳಗೆ ಕೂರಿಸಿ, ರೆಕ್ಸಿನ್ ಹೊದಿಸಿ, ಅಂಗೈಯಿಂದ ಸವರಿ ನೋಡಿ. ಕೈಗೆ ತಗಲುವ ಉಬ್ಬು ಕಾಲಿಗೆ ಹತ್ತು ಪಟ್ಟು ಚುಚ್ಚುತ್ತದೆ.

ಸರ್ಕ್ಯೂಟು

ಪ್ರತಿ ಸೆನ್ಸರಿಗೂ ಒಂದೇ ವ್ಯವಸ್ಥೆ: 3.3 ವೋಲ್ಟ್‌ನಿಂದ ಸೆನ್ಸರ್, ಸೆನ್ಸರಿನಿಂದ ಬೋರ್ಡಿನ ಅನಲಾಗ್ ಪಿನ್ (ವೋಲ್ಟೇಜ್ ಅಳೆಯುವ ಪಿನ್), ಆ ಪಿನ್‌ನಿಂದ ರೆಸಿಸ್ಟರ್ ಮೂಲಕ ಗ್ರೌಂಡ್. ಕೆಪಾಸಿಟರ್ ಪಿನ್‌ಗೂ ಗ್ರೌಂಡ್‌ಗೂ ನಡುವೆ. ರೆಸಿಸ್ಟರ್ ಎಷ್ಟಿರಬೇಕು ಎಂಬುದಕ್ಕೆ ಕಣ್ಣುಮುಚ್ಚಿ 10 ಕಿಲೋ ಓಮ್ ಹಾಕುವುದು ರೂಢಿ, ಅದೇ ತಪ್ಪು. ಮಲ್ಟಿಮೀಟರ್ ಹಿಡಿದು ಸೆನ್ಸರಿನ ರೋಧವನ್ನು ಹಗುರವಾಗಿ ಒತ್ತಿದಾಗೊಮ್ಮೆ, ಹಿಮ್ಮಡಿಯಿಂದ ಪೂರ್ತಿ ಭಾರ ಬಿಟ್ಟಾಗೊಮ್ಮೆ ಅಳೆದು, ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 20,000 ಓಮ್ ಮತ್ತು 200 ಓಮ್ ಬಂದರೆ ಉತ್ತರ 2,000. ಅಷ್ಟು ಓಮ್‌ನ ರೆಸಿಸ್ಟರಿನಲ್ಲಿ ಅಳತೆಯ ಏರಿಳಿತ ಅತಿ ಹೆಚ್ಚು ಸಿಗುತ್ತದೆ.

ಬೋರ್ಡಿನ ಆಯ್ಕೆಗೆ ಕಾರಣವಿದೆ. ಈ ಷಾವೋಗೆ ಆರು ಅನಲಾಗ್ ಪಿನ್ ಇವೆ, ಬ್ಲೂಟೂತ್ ಲೋ ಎನರ್ಜಿ ಇದೆ, ಬ್ಯಾಟರಿ ಚಾರ್ಜ್ ಮಾಡುವ ಚಿಪ್ ಬೋರ್ಡಿನಲ್ಲೇ ಇದೆ. ಕೈಯಲ್ಲಿರುವ ಇಎಸ್‌ಪಿ32 ಬೋರ್ಡನ್ನೇ ಬಳಸುವವರು ಎರಡು ವಿಷಯ ನೋಡಿಕೊಳ್ಳಿ. ವೈಫೈ ಆನ್ ಇದ್ದಾಗ ಅದರ ಎಡಿಸಿ2 ಎಂಬ ಗುಂಪಿನ ಅನಲಾಗ್ ಪಿನ್‌ಗಳು ಓದುವುದಿಲ್ಲ, ಆದ್ದರಿಂದ 32ರಿಂದ 39ರವರೆಗಿನ ಪಿನ್‌ಗಳನ್ನೇ ಬಳಸಿ. ಜೊತೆಗೆ ಹಾಕುವ ಟಿಪಿ4056 ಚಾರ್ಜರ್ ಮಾಡ್ಯೂಲ್ ಸಾಮಾನ್ಯವಾಗಿ 1 ಆಂಪಿಯರ್‌ಗೆ ಹೊಂದಿಸಿ ಬರುತ್ತದೆ. 150 ಎಂಎಎಚ್ ಬ್ಯಾಟರಿಗೆ ಅಷ್ಟು ಹರಿಸಿದರೆ ಅದು ಊದಿಕೊಳ್ಳುತ್ತದೆ, ಹೊತ್ತಿಕೊಳ್ಳಲೂಬಹುದು. ಅದರಲ್ಲಿರುವ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 10 ಕಿಲೋ ಓಮ್ ಹಾಕಿದರೆ ಸುಮಾರು 130 ಮಿಲಿಆಂಪಿಯರ್‌ಗೆ ಇಳಿಯುತ್ತದೆ.

ಬ್ಯಾಟರಿ, ಬೋರ್ಡ್ ಎರಡೂ ಶೂ ಹೊರಗೆ ಇರಲಿ: ಲೇಸಿಗೆ ಕಟ್ಟಿದ ಪುಟ್ಟ ಚೀಲದಲ್ಲಿ, ಇಲ್ಲವೇ ಪಾದದ ಗಂಟಿನ ಮೇಲಿನ ಪಟ್ಟಿಯಲ್ಲಿ. ಬ್ಯಾಟರಿಯನ್ನು ಕಾಲಡಿ ಇಡುವುದು ಅಪಾಯ. ಆಂಟೆನಾ ಕಾಲಡಿ ಹೋದರೆ ಮೈಯಲ್ಲಿರುವ ನೀರಿನಂಶ 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಂಡು, ಜೇಬಿನ ಫೋನಿಗೂ ಸಂಕೇತ ಸರಿಯಾಗಿ ಮುಟ್ಟದು.

ಪ್ರೋಗ್ರಾಮಿನಲ್ಲಿ ಎಡವುವ ಜಾಗ ಒಂದಿದೆ. ಆರ್ಡುಯಿನೋದಲ್ಲಿ ಏನೂ ಹೇಳದಿದ್ದರೆ ಈ ಷಾವೋದ ಚಿಪ್ 10 ಬಿಟ್‌ನಲ್ಲಿ (0ಯಿಂದ 1023ರವರೆಗೆ), 3.6 ವೋಲ್ಟ್‌ಗೆ ಹೋಲಿಸಿ ಓದುತ್ತದೆ. ರೆಸಲ್ಯೂಶನ್ 12 ಬಿಟ್ ಮಾಡಿ, ರೆಫರೆನ್ಸನ್ನು, ಅಂದರೆ ಹೋಲಿಕೆಯ ವೋಲ್ಟೇಜನ್ನು, ಸರಬರಾಜು ವೋಲ್ಟೇಜಿಗೆ ಕಟ್ಟಿ. ಆಗ ಮಾತ್ರ 0ಯಿಂದ 4095ರ ಲೆಕ್ಕ ಸರಿಹೊಂದುತ್ತದೆ, ಬ್ಯಾಟರಿ ಇಳಿದರೂ ಓದು ಅಲುಗದು. ಪ್ರತಿ 20 ಮಿಲಿಸೆಕೆಂಡಿಗೆ ಒಮ್ಮೆ, ಅಂದರೆ ಸೆಕೆಂಡಿಗೆ 50 ಸಲ ಓದಿ. ನಡಿಗೆಯಲ್ಲಿ ಪಾದ ನೆಲದ ಮೇಲಿರುವುದು ಸುಮಾರು 0.6 ಸೆಕೆಂಡು, ಹೀಗಾಗಿ ಹೆಜ್ಜೆಗೆ 30 ಓದು ಸಿಗುತ್ತದೆ. ಓಟಕ್ಕೆ ಇದು ಸಾಲದು. ಆರು ಸೆನ್ಸರಿಗೆ 12 ಬೈಟ್, ಸಮಯಕ್ಕೆ 4, ಕ್ರಮಸಂಖ್ಯೆಗೆ 2: ಒಟ್ಟು 18 ಬೈಟ್. ಬ್ಲೂಟೂತಿನ ಮೂಲ ಪ್ಯಾಕೆಟ್ಟಿನಲ್ಲಿ ಹಿಡಿಯುವ 20 ಬೈಟಿನೊಳಗೆ ಇದು ಕೂರುತ್ತದೆ. ಕ್ರಮಸಂಖ್ಯೆ ಬಿಡಬೇಡಿ, ದಾರಿಯಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋಯಿತೆಂದು ತಿಳಿಸುವುದು ಅದೊಂದೇ. ಆಂಡ್ರಾಯ್ಡ್ ಫೋನಾದರೆ ಕ್ರೋಮ್ ಬ್ರೌಸರಿನ ವೆಬ್ ಬ್ಲೂಟೂತ್ ಬಳಸಿ ಒಂದು ಪುಟದಲ್ಲೇ ಗ್ರಾಫ್ ಎಳೆಯಬಹುದು. ಐಫೋನಿನ ಸಫಾರಿಯಲ್ಲಿ ಅದು ನಡೆಯದು.

ಕ್ಯಾಲಿಬ್ರೇಶನ್

10 ಕೆ.ಜಿ. ತೂಗುವ ಅಡುಗೆಮನೆ ತಕ್ಕಡಿ ಸಾಕು. ಇನ್‌ಸೋಲನ್ನು ಅದರ ಮೇಲಿಟ್ಟು ಶೂನ್ಯಕ್ಕೆ ತನ್ನಿ. 20 ಮಿ.ಮೀ. ವ್ಯಾಸದ ಮರದ ಬಿಲ್ಲೆಯನ್ನು ಸೆನ್ಸರಿನ ಮೇಲಿಟ್ಟು ನೆಟ್ಟಗೆ ಒತ್ತಿ, ತಕ್ಕಡಿ 1, 2, 3, 5, 7, 9 ಕೆ.ಜಿ. ತೋರಿಸುವಾಗ ಓದು ಬರೆದುಕೊಳ್ಳಿ. ಆ ಬಿಲ್ಲೆಯ ವಿಸ್ತೀರ್ಣ 314 ಚದರ ಮಿ.ಮೀ.; ಹಾಗಾಗಿ 1 ಕೆ.ಜಿ. ಎಂದರೆ ಸುಮಾರು 31 ಕಿಲೋಪಾಸ್ಕಲ್, 9 ಕೆ.ಜಿ. ಎಂದರೆ ಸುಮಾರು 280. ಪ್ರತಿ ತೂಕದಲ್ಲೂ ಎರಡು ಸೆಕೆಂಡಿನೊಳಗೆ ಓದಿ ಮುಗಿಸಿ. ಒತ್ತಿ ಹಿಡಿದೇ ಇದ್ದರೆ ತೂಕ ಬದಲಾಗದಿದ್ದರೂ ವೆಲೋಸ್ಟ್ಯಾಟಿನ ಓದು ಏರುತ್ತಲೇ ಹೋಗುತ್ತದೆ.

ಓದನ್ನು ನೇರ ತೂಕಕ್ಕೆ ಹೋಲಿಸಿದರೆ ವಕ್ರರೇಖೆ ಬರುತ್ತದೆ. ಓದನ್ನು, 4095ರಿಂದ ಓದು ಕಳೆದಾಗ ಉಳಿಯುವ ಸಂಖ್ಯೆಯಿಂದ ಭಾಗಿಸಿ. ಅದು ಸೆನ್ಸರಿನ ವಾಹಕತೆಗೆ ಅನುಗುಣವಾದ ಅಂಕಿ, ತೂಕದ ಎದುರು ಬಹುಮಟ್ಟಿಗೆ ಸರಳರೇಖೆಯಲ್ಲಿ ಕೂರುತ್ತದೆ. ಆರು ಸೆನ್ಸರಿಗೆ ಆರು ಬೇರೆ ರೇಖೆ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ಬಿಲ್ಲೆಗಳೂ ಒಂದೇ ಥರ ಓದುವುದಿಲ್ಲ.

ಆರೂ ಸೆನ್ಸರಿನ ಮೊತ್ತ ದೇಹದ ತೂಕಕ್ಕೆ ಸರಿಹೋಗಲಿಲ್ಲವೆಂದು ಗಾಬರಿಯಾಗಬೇಡಿ. ಆರು ಬಿಲ್ಲೆ ಸೇರಿ ಮುಚ್ಚುವುದು 19 ಚದರ ಸೆಂಟಿಮೀಟರ್ ಮಾತ್ರ, ಉಳಿದ ಅಂಗಾಲು ಅಳತೆಯ ಹೊರಗೇ ಇದೆ. ಮಧುಮೇಹಿಗಳ ಪಾದರಕ್ಷೆಗೆ ಹೇಳುವ 200 ಕಿಲೋಪಾಸ್ಕಲ್ ಮಿತಿಯನ್ನು ಈ ಓದಿಗೆ ಹೋಲಿಸುವುದೂ ಸಲ್ಲದು.

ಅಳೆಯುವುದು, ಓದುವುದು

ಶೂ ಹಾಕಿ ಹತ್ತು ನಿಮಿಷ ಓಡಾಡಿ, ಇನ್‌ಸೋಲ್ ಪಾದದ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ ಸಮತಟ್ಟಾದ ನೆಲದಲ್ಲಿ 10 ಮೀಟರ್ ನೇರ ನಡಿಗೆ, ನಾಲ್ಕೈದು ಸಲ. ಪ್ರತಿ ಸಲದ ಮೊದಲ ಎರಡು, ಕೊನೆಯ ಎರಡು ಹೆಜ್ಜೆ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ವೇಗ ಹೆಚ್ಚಿದರೆ ಒತ್ತಡವೂ ಹೆಚ್ಚುತ್ತದೆ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 100 ಬಡಿತಕ್ಕಿಟ್ಟು ಅದರ ತಾಳಕ್ಕೆ ಹೆಜ್ಜೆ ಹಾಕಿ. ಪ್ರತಿ ಸಲವೂ ಅದೇ ಶೂ, ಅದೇ ದಪ್ಪದ ಕಾಲುಚೀಲ. ಎರಡು ಕಾಲಿನ ಬೋರ್ಡುಗಳ ಗಡಿಯಾರ ಹೊಂದಿಸಲು ಶುರುವಿನಲ್ಲಿ ಎರಡೂ ಕಾಲಲ್ಲಿ ಒಮ್ಮೆ ಕುಪ್ಪಳಿಸಿ, ಆ ಎರಡು ಶಿಖರಗಳನ್ನು ಗ್ರಾಫಿನಲ್ಲಿ ಒಂದರ ಮೇಲೊಂದು ಕೂರಿಸಿದರಾಯಿತು.

ಶೂನ್ಯವನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಹಿಡಿಯಿರಿ: ಪಾದ ಗಾಳಿಯಲ್ಲಿರುವಾಗಿನ ಅತಿ ಕಡಿಮೆ ಓದೇ ಆ ಹೆಜ್ಜೆಯ ಶೂನ್ಯ. ಬೆವರು, ಬಿಸಿ, ಲೇಸಿನ ಬಿಗಿ ಇವುಗಳಿಂದಾಗುವ ಅಲುಗಾಟ ಇದರಿಂದ ಬಹಳಷ್ಟು ಹೋಗುತ್ತದೆ.

ನೋಡಬೇಕಾದ ಮುಖ್ಯ ಅಂಕಿ ಒಂದೇ. ಒಳಮಗ್ಗುಲಿನ ಒತ್ತಡದಿಂದ ಹೊರಮಗ್ಗುಲಿನದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಹಿಮ್ಮಡಿಗೊಂದು, ಬೆರಳ ಬುಡಕ್ಕೊಂದು ತೆಗೆಯಿರಿ. ಹೆಬ್ಬೆರಳ ಬುಡದಲ್ಲಿ 180, ಕಿರುಬೆರಳ ಬುಡದಲ್ಲಿ 120 ಬಂದರೆ 60ನ್ನು 300ರಿಂದ ಭಾಗಿಸಿ 0.2. ಇಷ್ಟೇ ಇರಬೇಕೆಂಬ ಸರಿಯಾದ ಬೆಲೆ ಇದಕ್ಕಿಲ್ಲ. ಆರ್ಚ್ ಸಪೋರ್ಟ್ ಇಲ್ಲದೆ ಬಂದದ್ದು, ಇಟ್ಟ ಮೇಲೆ ಬಂದದ್ದು, ಆರು ವಾರದ ನಂತರ ಬಂದದ್ದು, ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ಅದಕ್ಕೆ ಅರ್ಥ ಬರುತ್ತದೆ. ಒಂದೇ ದಿನ ಎರಡು ಸಲ ಅಳೆದು ಎಷ್ಟು ವ್ಯತ್ಯಾಸ ಬರುತ್ತದೆಂದು ಮೊದಲು ನೋಡಿಡಿ. ಅದಕ್ಕಿಂತ ದೊಡ್ಡ ಬದಲಾವಣೆ ಮಾತ್ರ ಬದಲಾವಣೆ.

ಹೆಚ್ಚಿನವರು ತಪ್ಪಾಗಿ ಓದುವುದು ಕಮಾನಿನ ಸೆನ್ಸರನ್ನು. ಆರ್ಚ್ ಸಪೋರ್ಟ್ ಇಟ್ಟ ಕೂಡಲೇ ಅಲ್ಲಿನ ಒತ್ತಡ ಏರುತ್ತದೆ. ಪಾದ ಇನ್ನಷ್ಟು ಕುಸಿಯಿತೆಂದು ಹೆದರಿ ಸಪೋರ್ಟ್ ತೆಗೆದುಬಿಡುತ್ತಾರೆ. ಸಪೋರ್ಟ್ ಕೆಳಗಿನಿಂದ ಎತ್ತಿ ಹಿಡಿದಿರುವುದರಿಂದಲೇ ಆ ಏರಿಕೆ. ಅದು ಹಿಮ್ಮಡಿ ಮತ್ತು ಬೆರಳ ಬುಡದ ಅಂಕಿಗಳ ಜೊತೆ ನೋಡಬೇಕಾದದ್ದು. ಇನ್ನೊಂದು ಮಾತು: ಸೆನ್ಸರ್ ಇನ್‌ಸೋಲ್ ಸಪೋರ್ಟಿನ ಮೇಲೆ, ಪಾದಕ್ಕೆ ತಾಗುವಂತೆ ಇರಬೇಕು. ಕೆಳಗಿಟ್ಟರೆ ಸಪೋರ್ಟಿನ ಗಟ್ಟಿ ತಳ ಭಾರವನ್ನು ಹಂಚಿಬಿಟ್ಟು ಪಾದದ ಸುದ್ದಿಯೇ ಸಿಗದು. ಸಪೋರ್ಟಿನ ಉಬ್ಬಿನ ಮೇಲೆ ಬಾಗಿದ ಸೆನ್ಸರ್ ಭಾರವಿಲ್ಲದೆಯೂ ಸ್ವಲ್ಪ ಓದುತ್ತದೆ, ಹೆಜ್ಜೆಗೊಂದು ಶೂನ್ಯ ಹಿಡಿಯುವುದು ಇಲ್ಲೂ ಕೈಹಿಡಿಯುತ್ತದೆ.

ಓದು ನೋಡಿಕೊಂಡು ನೀವೇ ಸಪೋರ್ಟಿನ ಎತ್ತರ ಹೆಚ್ಚಿಸಬೇಡಿ, ಗ್ರಾಫ್ ಹಿಡಿದು ಮೂಳೆ ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಬಳಿ ಹೋಗಿ. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ, ಕಮಾನು ವಯಸ್ಸಿನೊಂದಿಗೆ ಮೂಡುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಂತೆಗೆ ಕಾರಣವಿರುವುದಿಲ್ಲ.

ಬಳಸಿದ ಮೇಲೆ ಇನ್‌ಸೋಲನ್ನು ಹೊರತೆಗೆದು ನೆರಳಲ್ಲಿ ಒಣಗಿಸಿ, ತೊಳೆಯಬೇಡಿ, ಮಡಚಿಡಬೇಡಿ. ತಿಂಗಳಿಗೊಮ್ಮೆ 5 ಕೆ.ಜಿ.ಯ ಓದನ್ನು ತಕ್ಕಡಿಯ ಮೇಲೆ ಮತ್ತೆ ನೋಡಿ. ಮೊದಲಿನದಕ್ಕಿಂತ ಶೇ. 20ರಷ್ಟು ಅತ್ತಿತ್ತ ಆಗಿದ್ದರೆ ಆ ಒಂದು ಸೆನ್ಸರಿನ ವೆಲೋಸ್ಟ್ಯಾಟ್ ಬಿಲ್ಲೆ ಬದಲಿಸಿ, ಅದಕ್ಕೆ ಮಾತ್ರ ಹೊಸ ರೇಖೆ ಎಳೆಯಿರಿ.