ಪಪ್ಪಾಯಿಯ ಹಿಟ್ಟು ತಿಗಣೆ ಹೋಗಿಸಿದ್ದು ಹೀಗೆ

ಎಲೆಯಡಿ, ಕಾಯಿಗಳ ಸಂದಿಯಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಹಿಟ್ಟು. ಅದೇ ರಸ ಹೀರುವ ಹಿಟ್ಟು ತಿಗಣೆ. ಸುಳಿ ಮುರುಟಿತ್ತು. ಕೆಳಗಿನ ಎಲೆಗಳ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ಕಾಂಡದ ತುಂಬ ಇರುವೆ ಸಾಲು.

ಸೋಪಿನ ನೀರು, ಬೇವಿನ ಎಣ್ಣೆ ಎರಡರ ಪರಿಣಾಮವೂ ಒಂದೇ ವಾರ, ಅಷ್ಟೇ. ಕೀಟನಾಶಕ ಹೊಡೆದ ಮೇಲಂತೂ ಕಾಟ ಜಾಸ್ತಿಯೇ ಆಯಿತು. ತಿಗಣೆಯ ಶತ್ರುಗಳೇ ಮೊದಲು ಸತ್ತವು, ಅಲ್ವಾ!

ಅಸಲಿ ಶತ್ರು ಎಳ್ಳಿಗಿಂತ ಸಣ್ಣ ಕಣಜ, ಅಸೆರೋಫೇಗಸ್ ಪಪಾಯೆ. 2010ರಲ್ಲಿ ಪೋರ್ಟೊ ರಿಕೊದಿಂದ ಭಾರತಕ್ಕೆ ತರಿಸಿದ್ದು. ನಮ್ಮನ್ನು ಕಚ್ಚುವುದಿಲ್ಲ, ತಿಗಣೆಯೊಳಗೆ ಮೊಟ್ಟೆ ಇಡುತ್ತದೆ.

ಮೊದಲು ಔಷಧಿ ನಿಲ್ಲಿಸಿ ಮೂರು ವಾರ ಸುಮ್ನೆ ಬಿಟ್ಟೆ. ಆಮೇಲೆ ಇರುವೆ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅವು ತಿಗಣೆಗೆ ಕಾವಲು ನಿಂತು ಕಣಜವನ್ನು ಓಡಿಸುತ್ತವೆ. ನೆಲದಿಂದ ಎರಡು ಅಡಿ ಮೇಲೆ ಕಾಂಡಕ್ಕೆ ನಾಲ್ಕು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಪಟ್ಟಿಯ ಮೇಲೆ ಮಾತ್ರ ಗ್ರೀಸ್ ಬಳಿದೆ. ತೊಗಟೆಗೆ ತಾಗಬಾರದು. ಗೋಡೆಗೆ ತಾಗುತ್ತಿದ್ದ ಎಲೆಯನ್ನೂ ಕತ್ತರಿಸಿದೆ, ಇಲ್ಲದಿದ್ದರೆ ಇರುವೆಗೆ ಅದೇ ಸೇತುವೆ. ಕೊನೆಗೆ, ಔಷಧಿ ಹೊಡೆಯದ ಪಕ್ಕದ ತೋಟದಿಂದ ಒಳಗೆ ಕಣಜದ ಮರಿ ಇದ್ದು ಉಬ್ಬಿ ಕಂದು ಬಣ್ಣವಾದ ತಿಗಣೆಗಳಿದ್ದ ಎಲೆ ತಂದು ನನ್ನ ಗಿಡದ ಎಲೆಯ ತೊಟ್ಟಿಗೆ ಕಟ್ಟಿದೆ. ಆ ತಿಗಣೆಗಳಲ್ಲಿ ತೂತು ಇರಬಾರದು. ತೂತಿದ್ದರೆ ಕಣಜ ಆಗಲೇ ಹಾರಿಹೋಗಿದೆ.

ಎರಡು ತಿಂಗಳಿಗೆ ಹೊಸ ಸುಳಿ ಸ್ವಚ್ಛವಾಗಿ ಬಂತು.